ಎಂಟು ಸೆಕೆಂಡಿನ ಹಗಲು

ಹುಣ್ಣಿಮೆಯ ರಾತ್ರಿ ಕೆಜಿಎಫ್‌ನ ಸೈನೈಡ್ ದಿಬ್ಬದ ಎದುರು ಟ್ರೈಪಾಡ್ ಊರಿ, ಅಪರ್ಚರ್ 2.8, ಐಎಸ್‌ಒ 1600 ಇಟ್ಟು ಎಂಟು ಸೆಕೆಂಡು ಶಟರ್ ತೆರೆದಿಡಿ. ಪರದೆಯ ಮೇಲೆ ಮೂಡುವುದು ನಡುಹಗಲು. ಆಕಾಶ ನೀಲಿ, ದಿಬ್ಬ ಮಾಸಲು ಹಳದಿ, ಜಾಲಿ ಗಿಡದ ಬುಡದಲ್ಲಿ ಅಚ್ಚುಕಟ್ಟಾದ ನೆರಳು. ಆ ನೀಲಿಯಲ್ಲಿ ಅಲ್ಲೊಂದು ಇಲ್ಲೊಂದು ಚುಕ್ಕಿ ಇರದಿದ್ದರೆ ಇದು ರಾತ್ರಿಯ ಚಿತ್ರವೆಂದು ಯಾರೂ ಹೇಳಲಾರರು.

ಇದರಲ್ಲಿ ಮಾಟವೇನಿಲ್ಲ, ಬರೀ ಲೆಕ್ಕ. ಬೆಳದಿಂಗಳೆಂದರೆ ಚಂದ್ರನ ಮೈಗೆ ತಾಗಿ ಮರಳಿದ ಬಿಸಿಲು. ಹುಣ್ಣಿಮೆಯಲ್ಲೂ ಅದು ನೇರ ಬಿಸಿಲಿನ ಸುಮಾರು ನಾಲ್ಕು ಲಕ್ಷದ ಒಂದು ಪಾಲು. ಅಗಲ ಬಾಯಿಯ ಲೆನ್ಸು, ಸೂಕ್ಷ್ಮವಾದ ಸೆನ್ಸರ್, ಎಂಟು ಸೆಕೆಂಡಿನ ತಾಳ್ಮೆ, ಈ ಮೂರೂ ಸೇರಿ ಆ ಕೊರತೆಯನ್ನು ತುಂಬಿಬಿಡುತ್ತವೆ. ಅಷ್ಟಮಿಯ ಅರ್ಧ ಚಂದ್ರನಿದ್ದರೆ ಬೆಳಕು ಅರ್ಧವಾಗುವುದಿಲ್ಲ, ಹತ್ತರಲ್ಲೊಂದು ಪಾಲಿಗೆ ಇಳಿಯುತ್ತದೆ. ಆಗ ಎಂಟು ಸೆಕೆಂಡಿನ ಜಾಗದಲ್ಲಿ ಒಂದು ನಿಮಿಷ ಮೀರಿ ಕಾಯಬೇಕು. ಕಾದರೆ ಆಗಲೂ ಹಗಲೇ.

ಫ್ಲ್ಯಾಶ್ ಇಲ್ಲದೆ, ಟಾರ್ಚು ಬಿಡದೆ, ತಿಂಗಳ ಬೆಳಕಲ್ಲೋ ಚುಕ್ಕಿ ಬೆಳಕಲ್ಲೋ ಬಯಲಲ್ಲಿ ನಿಂತು ಚಿತ್ರ ತೆಗೆಯುವ ಹವ್ಯಾಸ ಈಚಿನ ವರ್ಷಗಳಲ್ಲಿ ಚೆನ್ನಾಗಿ ಬೆಳೆದಿದೆ. ಬೆಂಗಳೂರಿನಿಂದ ಒಂದು ರಾತ್ರಿಯಲ್ಲಿ ಹೋಗಿಬರಬಹುದಾದ ಕೆಜಿಎಫ್, ಬಂಗಾರಪೇಟೆಯ ಸುತ್ತಲ ಬಯಲು ಅದಕ್ಕೆ ಹೇಳಿ ಮಾಡಿಸಿದಂತಿದೆ. ಈ ಚಿತ್ರಗಳ ಕುಶಲತೆಯ ಬಗ್ಗೆ ನನ್ನ ತಕರಾರಿಲ್ಲ. ಕೇಳಬೇಕಾದ ಪ್ರಶ್ನೆ ಬೇರೆ: ರಾತ್ರಿಯ ಚಿತ್ರದಲ್ಲಿ ರಾತ್ರಿ ಎಷ್ಟು ಉಳಿದಿದೆ?

ಮೊದಲು ಈ ಜಾಗದ ಗುಣ ಹೇಳಬೇಕು. ಕೆಜಿಎಫ್‌ನ ದಿಬ್ಬಗಳು ಗುಡ್ಡಗಳಲ್ಲ. ನೂರಿಪ್ಪತ್ತು ವರ್ಷ ನೆಲದಡಿಯಿಂದ ಕಲ್ಲು ಎತ್ತಿ, ಹಿಟ್ಟಿನಂತೆ ಅರೆದು, ಸೈನೈಡ್ ದ್ರಾವಣದಲ್ಲಿ ಚಿನ್ನವನ್ನು ಕರಗಿಸಿಕೊಂಡ ಮೇಲೆ ಉಳಿದ ಪುಡಿಯ ರಾಶಿ ಅವು. ಈ ನೆಲ ಕೊಟ್ಟ ಚಿನ್ನ 800 ಟನ್ನಿನಷ್ಟು, ಬಿಟ್ಟ ಪುಡಿ ಮೂರು ಕೋಟಿ ಟನ್ನಿಗೂ ಹೆಚ್ಚು. ಆ ಪುಡಿ ತಿಳಿ ಬಣ್ಣದ್ದು, ನುಣುಪು. ಬೆಳದಿಂಗಳು ಬಿದ್ದಾಗ ದಿಬ್ಬವೇ ರಿಫ್ಲೆಕ್ಟರ್ ಆಗುತ್ತದೆ, ನೆರಳಿನೊಳಕ್ಕೂ ಬೆಳಕು ಚೆಲ್ಲುತ್ತದೆ. ಮಳೆನೀರು ಕೊರೆದ ಕೊರಕಲುಗಳು ಓರೆ ಬೆಳಕಿನಲ್ಲಿ ಒಂದೊಂದೂ ಗೆರೆಯಂತೆ ನಿಲ್ಲುತ್ತವೆ. ಚಂದ್ರ ನೆತ್ತಿಯ ಮೇಲಿದ್ದಾಗ ಈ ಗೆರೆಗಳು ಅಳಿಸಿಹೋಗುತ್ತವೆ. ಹುಟ್ಟುವಾಗ ಇಲ್ಲವೇ ಇಳಿಯುವಾಗ ತೆಗೆದ ಚಿತ್ರಕ್ಕೆ ಮಾತ್ರ ಮೈ ಬರುತ್ತದೆ. ಇದನ್ನು ತಿಳಿದು, ಪಂಚಾಂಗ ನೋಡಿ, ಅನುಮತಿ ಪಡೆದು, ಕೊರಕಲಿನ ಸಡಿಲ ಅಂಚನ್ನು ಹಗಲಲ್ಲೇ ಗುರುತಿಟ್ಟುಕೊಂಡು ಬರುವವರ ಕೆಲಸಕ್ಕೆ ನನ್ನ ಗೌರವವಿದೆ.

ಗೌರವ ಕರಗುವುದು ಬಣ್ಣದ ಹತ್ತಿರ ಬಂದಾಗ. ಚಿತ್ರ ತೆಗೆದು ಮನೆಗೆ ಬಂದು ಕಂಪ್ಯೂಟರಿನ ಮುಂದೆ ಕೂತು ಎಲ್ಲಕ್ಕೂ ನೀಲಿ ಬಳಿಯುತ್ತಾರೆ. ಬೆಳದಿಂಗಳು ನೀಲಿ ಎಂದು ಯಾರು ಹೇಳಿದರು? ಅಳೆದು ನೋಡಿದರೆ ಅದು ಬಿಸಿಲಿಗಿಂತ ತುಸು ಕೆಂಪಿನ ಕಡೆಗೇ ಇದೆ. ಮಬ್ಬಿನಲ್ಲಿ ನಮ್ಮ ಕಣ್ಣಿಗೆ ಕೆಂಪು ಬೇಗ ಮಂಕಾಗಿ ನೀಲಿ ತಡವಾಗಿ ಮಂಕಾಗುವುದರಿಂದ ಅಂಥ ಭಾವನೆ ಒಂದಿಷ್ಟು ಬರುತ್ತದೆ, ನಿಜ. ಆದರೆ ಕನ್ನಡ ಆ ಭಾವನೆಗೆ ಯಾವತ್ತೂ ಮನಸೋತಿಲ್ಲ. ನಮ್ಮ ಹೆಸರೇ ಬೆಳ್ ತಿಂಗಳು, ಅಂದರೆ ಬಿಳಿಯ ತಿಂಗಳು. ಹಾಲು ಚೆಲ್ಲಿದ ಹಾಗೆ ಎಂದರು ನಮ್ಮ ಹಿರಿಯರು, ಹಿಟ್ಟು ಚೆಲ್ಲಿದ ಹಾಗೆ ಎಂದರು. ನೀಲಿ ಬಂದದ್ದು ಸಿನಿಮಾದಿಂದ. ಹಗಲಲ್ಲೇ ಚಿತ್ರೀಕರಿಸಿ, ಬೆಳಕು ಇಳಿಸಿ, ನೀಲಿ ಹಚ್ಚಿ ಇದೇ ರಾತ್ರಿ ಎಂದು ನಂಬಿಸುವ ಹಳೆಯ ಉಪಾಯವದು. ಅವರು ಹಗಲನ್ನು ರಾತ್ರಿ ಮಾಡಿದರು, ಇವರು ರಾತ್ರಿಯನ್ನು ಹಗಲು ಮಾಡಿ, ಅದಕ್ಕೆ ಸಿನಿಮಾದ ನೀಲಿ ಹಚ್ಚಿ ಮತ್ತೆ ರಾತ್ರಿ ಮಾಡುತ್ತಾರೆ. ಕಲ್ಲುಪುಡಿಯ ದಿಬ್ಬದ ಮೇಲೆ ಹಿಟ್ಟು ಚೆಲ್ಲಿದಂಥ ಬೆಳದಿಂಗಳು ಬಿದ್ದಿರುವಾಗ ಅದನ್ನು ನೀಲಿ ಮಾಡುವುದು ಎದುರಿಗಿದ್ದ ಉಪಮೆಯನ್ನೇ ಕಳೆದುಕೊಂಡ ಹಾಗೆ.

ಸಿನಿಮಾ ಎಂದ ಮೇಲೆ 2018ರ ಕೊನೆಗೆ ಬಂದ ‘ಕೆಜಿಎಫ್’ ಚಿತ್ರವನ್ನು ಬಿಟ್ಟು ಮುಂದೆ ಹೋಗುವಂತಿಲ್ಲ. ಪ್ರಶಾಂತ್ ನೀಲ್ ನಿರ್ದೇಶಿಸಿ, ಭುವನ್ ಗೌಡ ಛಾಯಾಗ್ರಹಣ ಮಾಡಿದ ಆ ಚಿತ್ರಕ್ಕೆ ಇದೇ ದಿಬ್ಬಗಳಲ್ಲಿ ಸೆಟ್ಟು ಎದ್ದಿತ್ತು. ಮಸಿ, ದೂಳು, ಬೆಂಕಿಯ ಕೆಂಪು ಸೇರಿದ ಅದರ ಕತ್ತಲೆ ಪೂರ್ತಿ ಕಟ್ಟಿದ ಕತ್ತಲೆ. ಕಟ್ಟುಕಥೆಯ ಕೆಜಿಎಫ್‌ಗೆ ಅದು ಒಪ್ಪುತ್ತದೆ, ಅದನ್ನು ಸಹಜವೆಂದು ಅವರು ಹೇಳಿಕೊಂಡಿಲ್ಲ. ತೊಂದರೆ ಇರುವುದು ಸಹಜ ಬೆಳಕಿನ ಚಿತ್ರವೆಂದು ಹೆಸರಿಟ್ಟು ಅದೇ ಮಸಿಯನ್ನು ಎರವಲು ತರುವವರಲ್ಲಿ. ಸಿನಿಮಾ ನೋಡಿ ಊರಿಗೆ ಬರುತ್ತಾರೆ, ಊರಲ್ಲಿ ಸಿನಿಮಾವನ್ನೇ ಹುಡುಕುತ್ತಾರೆ.

ಊರಿನ ಕತ್ತಲೆಗೆ ತನ್ನದೇ ಚರಿತ್ರೆ ಇದೆ. 1902ರಲ್ಲಿ ಶಿವನಸಮುದ್ರದಲ್ಲಿ ಕಾವೇರಿಯ ನೀರಿನಿಂದ ಹುಟ್ಟಿದ ವಿದ್ಯುತ್ತು ಸುಮಾರು 147 ಕಿಲೋಮೀಟರ್ ತಂತಿಯಲ್ಲಿ ಹರಿದು ಮೊದಲು ಬಂದದ್ದು ಇಲ್ಲಿಗೆ. ಬೆಂಗಳೂರಿನ ಬೀದಿಗೆ ದೀಪ ಬಂದದ್ದು ಮೂರು ವರ್ಷ ತಡವಾಗಿ, 1905ರಲ್ಲಿ. ಹಾಗೆಂದು ಇದು ಬೆಳಕಿನ ಊರಾಗಲಿಲ್ಲ. ಚಾಂಪಿಯನ್ ರೀಫ್ ಗಣಿ ಮೂರು ಕಿಲೋಮೀಟರಿಗೂ ಹೆಚ್ಚು ಆಳಕ್ಕೆ ಇಳಿಯಿತು; ಅಲ್ಲಿ ಹಗಲು ಪಾಳಿ, ರಾತ್ರಿ ಪಾಳಿ ಎಂಬುದು ಗಡಿಯಾರದ ಮಾತು ಮಾತ್ರ. ತಲೆಗೆ ಕಟ್ಟಿದ ದೀಪ ಎಷ್ಟು ದೂರ ಬೆಳಗುತ್ತದೋ ಅಷ್ಟೇ ಲೋಕ. ಕತ್ತಲೆಯಲ್ಲಿ ಕೆಲಸ ಮಾಡಿದ ಊರಿಗೆ ಬಂದು ಕತ್ತಲೆಯನ್ನು ಕೊರತೆ ಎಂದು ತಿಳಿದು ಸೆನ್ಸರ್‌ನಿಂದ ಭರ್ತಿ ಮಾಡುವುದು ನನಗೆ ಅರಸಿಕತೆಯಾಗಿ ಕಾಣುತ್ತದೆ.

ಕತ್ತಲೆಯನ್ನು ಅರಿತು ತೆಗೆದ ಚಿತ್ರಗಳಿಗೆ ಈ ಊರಿನಲ್ಲೇ ಮೇಲ್ಪಂಕ್ತಿ ಇದೆ. 1965ರಲ್ಲಿ ಚಾಂಪಿಯನ್ ರೀಫ್‌ನಲ್ಲಿ ಸುಮಾರು 2.3 ಕಿಲೋಮೀಟರ್ ಆಳದಲ್ಲಿ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ, ಜಪಾನಿನ ಒಸಾಕಾ ಮತ್ತು ಇಂಗ್ಲೆಂಡಿನ ಡರ್ಹಮ್‌ನ ವಿಜ್ಞಾನಿಗಳು ವಾತಾವರಣದಲ್ಲಿ ಹುಟ್ಟುವ ನ್ಯೂಟ್ರಿನೊದ ಸುಳಿವು ಹಿಡಿದರು. ಆ ತಂಡದಲ್ಲಿ ಎಂ.ಜಿ.ಕೆ. ಮೆನನ್ ಇದ್ದರು, ನಂಜನಗೂಡಿನ ಬಿ.ವಿ. ಶ್ರೀಕಂಠನ್ ಇದ್ದರು. ಸಾಲಾಗಿ ಜೋಡಿಸಿದ ನಿಯಾನ್ ಕೊಳವೆಗಳು, ಎದುರಿಗೆ ಕ್ಯಾಮೆರಾ. ಕಣವೊಂದು ಹಾದುಹೋದರೆ ಅದರ ದಾರಿಯಲ್ಲಿದ್ದ ಕೊಳವೆಗಳಷ್ಟೇ ಮಿನುಗುತ್ತಿದ್ದವು, ಫಿಲ್ಮಿನ ಮೇಲೆ ಚುಕ್ಕಿಗಳ ಒಂದು ಸಾಲು ಉಳಿಯುತ್ತಿತ್ತು. ಆ ಮಿನುಗು ವಿದ್ಯುತ್ತಿನದು, ಸಹಜ ಬೆಳಕಲ್ಲ, ಒಪ್ಪುತ್ತೇನೆ. ಆದರೆ ಅದರ ಸಂಯಮ ನೋಡಿ. ಚೌಕಟ್ಟಿನ ತುಂಬ ಕಪ್ಪು. ಆ ಕಪ್ಪು ಇದ್ದುದರಿಂದಲೇ ಚುಕ್ಕಿಗೆ ಅರ್ಥ. ಯಾರಾದರೂ ‘ಡೀಟೇಲ್ ಬರಲಿ’ ಎಂದು ಆ ಕಪ್ಪನ್ನು ಎತ್ತಿದ್ದರೆ ಸಿಗುತ್ತಿದ್ದುದು ಕೊಳವೆಗಳ ಚಿತ್ರ, ಕಣದ ಚಿತ್ರವಲ್ಲ.

ಈಗ ಮೇಲಕ್ಕೆ ಬಂದು ಆಕಾಶ ನೋಡೋಣ. ಸಹಜ ಬೆಳಕು ಎಂಬ ಮಾತೇ ಇಲ್ಲಿ ಸ್ವಲ್ಪ ಕುಂಟುತ್ತದೆ. ಬೆಂಗಳೂರು ಇಲ್ಲಿಂದ ನೇರ ಪಶ್ಚಿಮಕ್ಕೆ, ಗೆರೆ ಎಳೆದರೆ ಎಪ್ಪತ್ತು ಚಿಲ್ಲರೆ ಕಿಲೋಮೀಟರ್. ಅಮಾವಾಸ್ಯೆಯ ರಾತ್ರಿಯೂ ಆ ದಿಕ್ಕಿನ ದಿಗಂತ ಕಪ್ಪಾಗುವುದಿಲ್ಲ. ಮೋಡವಿದ್ದರಂತೂ ಕೆಳಗಿನ ದೀಪಗಳೆಲ್ಲ ಮೇಲೆ ಬಿದ್ದು ನಮ್ಮತ್ತ ವಾಲುತ್ತವೆ. ಹೆಚ್ಚುಕಡಿಮೆ ಅಷ್ಟೇ ದೂರಕ್ಕೆ ಆಗ್ನೇಯದಲ್ಲಿ, ಜವ್ವಾದಿ ಬೆಟ್ಟಗಳ ನಡುವೆ ಕಾವಲೂರಿನ ವೀಕ್ಷಣಾಲಯವಿದೆ. ವೈನು ಬಾಪು ಕತ್ತಲೆಯನ್ನು ಹುಡುಕಿಕೊಂಡು ಹೋಗಿ ದೂರದರ್ಶಕ ನಿಲ್ಲಿಸಿದ ಜಾಗ ಅದು. ಒಂದು ಪಕ್ಕ ದೇಶದ ಬೆಳಕಿನ ರಾಜಧಾನಿಗಳಲ್ಲೊಂದು, ಇನ್ನೊಂದು ಪಕ್ಕ ಕತ್ತಲೆಗೆಂದೇ ಆರಿಸಿದ ಬೆಟ್ಟ. ಕೆಜಿಎಫ್‌ನ ರಾತ್ರಿ ಇವೆರಡರ ನಡುವೆ ಸಿಕ್ಕಿಕೊಂಡಿದೆ.

ಬಂಗಾರಪೇಟೆಯ ಕಡೆಯ ಕೆರೆಗಳ ದಂಡೆಯಲ್ಲಿ ನಿಂತರೆ ಇದು ಇನ್ನೂ ಚೆನ್ನಾಗಿ ತಿಳಿಯುತ್ತದೆ. ಜಂಕ್ಷನ್ನಿನ ದೀಪಗಳಿಂದ, ಪಾನಿಪುರಿ ಗಾಡಿಗಳ ಬೀದಿಯಿಂದ ಒಂದೆರಡು ಮೈಲಿ ಆಚೆ ಹೋದರೆ ಸಾಕು, ನೀಲಗಿರಿ ತೋಪು, ಬಂಡೆಗಳು, ಕೆರೆಯ ಏರಿ. 2018ರಿಂದ ಕೆ.ಸಿ. ವ್ಯಾಲಿ ಯೋಜನೆಯಲ್ಲಿ ಬೆಂಗಳೂರಿನ ಕೊಳಚೆ ಸಂಸ್ಕರಣೆಗೊಂಡು ಕೋಲಾರ ಜಿಲ್ಲೆಯ ಕೆರೆಗಳಿಗೆ ಬರುತ್ತಿದೆ. ವರ್ಷಗಟ್ಟಲೆ ಒಣಗಿದ್ದ ಅಂಗಳಗಳಲ್ಲಿ ಚುಕ್ಕಿಗಳು ಪ್ರತಿಫಲಿಸುವಷ್ಟು ನೀರು ನಿಂತಿತು. ಜೊತೆಗೆ ಪಶ್ಚಿಮದ ಆ ಮಾಸಲು ಹೊಳಪೂ ಅದೇ ನೀರಲ್ಲಿ ತೇಲುತ್ತದೆ. ಬೆಂಗಳೂರು ಕೋಲಾರಕ್ಕೆ ಎರಡನ್ನು ಕಳಿಸುತ್ತಿದೆ: ಸಂಸ್ಕರಿಸಿದ ನೀರು, ಸಂಸ್ಕರಿಸದ ಬೆಳಕು. ಆ ಹೊಳಪನ್ನು ಕಂಪ್ಯೂಟರಿನಲ್ಲಿ ಒರೆಸಿ ‘ನಿರ್ಮಲ ಆಕಾಶ’ ಎಂದು ತೋರಿಸುವವರು ಚಿತ್ರದಲ್ಲಿದ್ದ ಒಳ್ಳೆಯ ಸಾಕ್ಷಿಯನ್ನೇ ನಾಶ ಮಾಡುತ್ತಾರೆ.

ಒರೆಸುವುದಕ್ಕಿಂತ ದೊಡ್ಡ ತಪ್ಪು ಅಂಟಿಸುವುದು. ಲಡಾಖಿನ ಆಕಾಶ ತಂದು ಗಣಿಯ ಶಾಫ್ಟ್ ಗೋಪುರದ ಮೇಲೆ ಕೂರಿಸುವುದು. ಇದನ್ನು ಹಿಡಿಯಲು ದೊಡ್ಡ ವಿದ್ಯೆ ಬೇಡ. ಕೆಜಿಎಫ್ ಇರುವುದು 13 ಡಿಗ್ರಿ ಅಕ್ಷಾಂಶದಲ್ಲಿ, ಹಾಗಾಗಿ ಧ್ರುವ ನಕ್ಷತ್ರ ಉತ್ತರದ ದಿಗಂತದಿಂದ 13 ಡಿಗ್ರಿ ಮಾತ್ರ ಎತ್ತರ, ಕೈಚಾಚಿ ಹಿಡಿದ ಮುಷ್ಟಿಗಿಂತ ಸ್ವಲ್ಪ ಮೇಲೆ. ಗಂಟೆಗಟ್ಟಲೆ ಶಟರ್ ತೆರೆದಿಟ್ಟು ತೆಗೆದ ಚುಕ್ಕಿಗಳ ಬಳೆಗಳಿಗೆ ನಡುಬಿಂದು ಅದೇ. ಆ ಬಿಂದು ನಡು ಆಕಾಶದಲ್ಲಿ ಕಂಡರೆ ಆಕಾಶ ಈ ಊರಿನದಲ್ಲ. ಗೋಪುರದ ಹಿಂದೆ ಬಂಡಿಚಕ್ರದಷ್ಟು ದೊಡ್ಡ ಚಂದ್ರ, ಮುಂದೆ ಇಡೀ ಬಯಲು ಒಂದೇ ಚೌಕಟ್ಟಿನಲ್ಲಿ ಕಂಡರೂ ಅನುಮಾನಪಡಿ. ಚಂದ್ರನ ಅಗಲ ಆಕಾಶದಲ್ಲಿ ಅರ್ಧ ಡಿಗ್ರಿ; ಅವನನ್ನು ದೊಡ್ಡದು ಮಾಡುವ ಲೆನ್ಸು ಬಯಲನ್ನು ಒಳಗೆ ಬಿಟ್ಟುಕೊಳ್ಳುವುದಿಲ್ಲ.

ಇಷ್ಟೆಲ್ಲ ದೋಷ ಕಳೆದು, ನೀಲಿ ಹಚ್ಚದೆ, ಏನನ್ನೂ ಅಂಟಿಸದೆ ತೆಗೆದ ಚಿತ್ರದಲ್ಲೂ ಒಂದು ತೊಡಕು ಉಳಿಯುತ್ತದೆ. ಅದು ತೆಗೆದವರ ತಪ್ಪಲ್ಲ, ವಿಧಾನದಲ್ಲೇ ಇರುವುದು. ಎಂಟು, ಹತ್ತು, ಇಪ್ಪತ್ತು ಸೆಕೆಂಡಿನ ಚಿತ್ರದಲ್ಲಿ ನಿಂತ ಗೋಡೆ ಉಳಿಯುತ್ತದೆ, ನಡೆದ ಮನುಷ್ಯ ಉಳಿಯುವುದಿಲ್ಲ. ಬೀದಿಯಲ್ಲಿ ಹಾದುಹೋದವನು ಗುರುತೇ ಇಲ್ಲದೆ ಕರಗಿಹೋಗುತ್ತಾನೆ. 2001ರ ಫೆಬ್ರವರಿ 28ರಂದು ಗಣಿ ಮುಚ್ಚಿತು. ಆಮೇಲೆ ಈ ಊರಿಗೆ ಹೊರಗಿನವರು ಇಟ್ಟ ಹೆಸರು ‘ಪಾಳು ಊರು’. ಒಂದೂವರೆ ಲಕ್ಷಕ್ಕೂ ಹೆಚ್ಚು ಜನ ಇಲ್ಲಿದ್ದಾರೆ. ಬೇಸಿಗೆಯ ಗಾಳಿಗೆ ದಿಬ್ಬದ ಪುಡಿ ಅವರ ಅಡುಗೆಮನೆಗೆ ಬರುತ್ತದೆ, ಒಣಹಾಕಿದ ಬಟ್ಟೆಯ ಮೇಲೆ ಕೂರುತ್ತದೆ. ಅವರ ಲೈನ್ ಮನೆಗಳನ್ನು ಬೆಳದಿಂಗಳಲ್ಲಿ ಜನರಿಲ್ಲದಂತೆ ತೋರಿಸಿ, ದಿಬ್ಬವನ್ನು ಚಂದ್ರಲೋಕ ಎಂದು ಕರೆದರೆ ಚಿತ್ರ ಸುಂದರವಾಗಿ ಸುಳ್ಳು ಹೇಳುತ್ತದೆ.

ಕ್ಯಾಮೆರಾ ಕಣ್ಣಿನ ಗುಲಾಮನಲ್ಲ, ಕಣ್ಣಿಗೆ ಕಾಣದ್ದನ್ನು ಕಾಣಿಸುವುದೇ ಅದರ ಹೆಚ್ಚುಗಾರಿಕೆ ಎಂದು ವಾದಿಸುವವರಿದ್ದಾರೆ. ವಾದ ಸರಿಯೇ. ಬರಿಗಣ್ಣಿಗೆ ಮಬ್ಬು ಪಟ್ಟಿಯಾಗಿ ಕಾಣುವ ಆಕಾಶಗಂಗೆ ಚಿತ್ರದಲ್ಲಿ ಮೈದುಂಬಿ ಬರುವುದು ನನಗೂ ಇಷ್ಟ. ಆದರೆ ಕಣ್ಣು ಕತ್ತಲೆಗೆ ಹೊಂದಿಕೊಳ್ಳಲು ಅರ್ಧ ಗಂಟೆ ಬೇಕು. ಆ ಅರ್ಧ ಗಂಟೆಯಲ್ಲಿ ಒಂದೊಂದೇ ಆಕಾರ ಕಪ್ಪಿನಿಂದ ಕಳಚಿಕೊಳ್ಳುತ್ತದೆ, ಕೆಲವು ಕೊನೆಯವರೆಗೂ ಕಳಚಿಕೊಳ್ಳುವುದಿಲ್ಲ. ಒಳ್ಳೆಯ ಚಿತ್ರ ನೋಡುವವನಿಗೂ ಆ ಅನುಭವ ಉಳಿಸಬೇಕು. ತಾಂತ್ರಿಕವಾಗಿ ಹೇಳುವುದಾದರೆ ‘ಸರಿಯಾದ’ ಎಕ್ಸ್‌ಪೋಷರ್‌ಗಿಂತ ಎರಡು ಸ್ಟಾಪ್ ಕೆಳಗೆ ನಿಲ್ಲಿ. ಎಂಟು ಸೆಕೆಂಡಿನ ಜಾಗದಲ್ಲಿ ಎರಡು ಸೆಕೆಂಡು. ದಿಬ್ಬದ ಬಿಳುಪು ಆಗಲೂ ಬರುತ್ತದೆ, ಜಾಲಿಯ ಬುಡ ಮಾತ್ರ ಕಪ್ಪಿಗೆ ಸೇರುತ್ತದೆ. ಅದು ಇರಬೇಕಾದ ಜಾಗ ಅದೇ.

ನಾನು ನೋಡಬಯಸುವ ಚಿತ್ರ ಒಂದಿದೆ. ಏಪ್ರಿಲ್ ನಡುವಿನ ಅಮಾವಾಸ್ಯೆಯ ಆಚೀಚೆ, ಬೆಳಗಿನ ಜಾವ ನಾಲ್ಕೂವರೆ. ಆ ಹೊತ್ತಿಗೆ ಆಕಾಶಗಂಗೆಯ ನಡುಭಾಗ ಕೆಜಿಎಫ್‌ನ ನೇರ ದಕ್ಷಿಣದಲ್ಲಿ, ದಿಗಂತಕ್ಕೂ ನೆತ್ತಿಗೂ ನಟ್ಟನಡುವೆ ಬಂದು ನಿಂತಿರುತ್ತದೆ. ಅದೇ ಹೊತ್ತಿಗೆ ಮಾರಿಕುಪ್ಪಂ, ಚಾಂಪಿಯನ್, ಊರಿಗಾಂ, ಕೋರಮಂಡಲ್ ನಿಲ್ದಾಣಗಳ ದಾರಿ ಹಿಡಿದು, ಬಂಗಾರಪೇಟೆಯ ಮೇಲಿಂದ ಬೆಂಗಳೂರಿಗೆ ದುಡಿಯಲು ಹೋಗುವವರು ಮನೆ ಬಿಟ್ಟಿರುತ್ತಾರೆ. ಅಪ್ಪಂದಿರು ತಲೆಗೆ ದೀಪ ಕಟ್ಟಿಕೊಂಡು ಇಳಿದರು, ಮಕ್ಕಳು ಮೊಬೈಲಿನ ಟಾರ್ಚು ಹಿಡಿದು ರೈಲಿಗೆ ನಡೆಯುತ್ತಾರೆ. ಇಪ್ಪತ್ತು ಸೆಕೆಂಡಿನ ಚಿತ್ರದಲ್ಲಿ ಅವರ ಮುಖ ಬರುವುದಿಲ್ಲ, ನೆಲದುದ್ದಕ್ಕೂ ನಡುಗುವ ಒಂದು ಬೆಳ್ಳನೆಯ ಗೆರೆ ಬರುತ್ತದೆ. ಸಹಜ ಬೆಳಕಿನ ಕಟ್ಟುಪಾಡಿನವರು ಅದನ್ನು ಕೃತಕ ದೀಪವೆಂದು, ಚಿತ್ರ ಕೆಟ್ಟಿತೆಂದು ಅಳಿಸಿಹಾಕುತ್ತಾರೆ. ಅಳಿಸದೆ ಬಿಟ್ಟವರ ಚಿತ್ರ ಸಿಕ್ಕಿದ ದಿನ, ಕೆಜಿಎಫ್‌ನ ರಾತ್ರಿಯನ್ನು ಯಾರೋ ನಿಜವಾಗಿ ನೋಡಿದ್ದಾರೆ ಎಂದು ನಂಬುತ್ತೇನೆ.