ಮಂಪರು ಪರೀಕ್ಷೆ: ರಸಾಯನವಿಜ್ಞಾನದ ಹೆಸರಿನಲ್ಲಿ

ದೊಡ್ಡ ಅಪರಾಧವೊಂದು ನಡೆದಾಗಲೆಲ್ಲ ‘ಮಂಪರು ಪರೀಕ್ಷೆ ಮಾಡಿಸಲಿ, ಸತ್ಯ ಹೊರಬರುತ್ತದೆ’ ಎಂಬ ಒತ್ತಾಯವನ್ನು ನೀವು ಕೇಳಿರುತ್ತೀರಿ. ಈ ಮಾತಿನ ಹಿಂದಿರುವ ವಿಜ್ಞಾನ ಎಷ್ಟು ಗಟ್ಟಿ?

ಅಪರಾಧ ತನಿಖೆಯಲ್ಲಿ ರಸಾಯನವಿಜ್ಞಾನ ಖಚಿತವಾಗಿ ಏನನ್ನು ಹೇಳಬಲ್ಲದು ಎಂಬುದನ್ನು ಮೊದಲು ನೋಡೋಣ. 2018ರ ಡಿಸೆಂಬರ್ 14ರಂದು ಚಾಮರಾಜನಗರ ಜಿಲ್ಲೆಯ ಸುಳ್ವಾಡಿಯ ಮಾರಮ್ಮ ದೇವಸ್ಥಾನದಲ್ಲಿ ಪ್ರಸಾದ ಸೇವಿಸಿದ ಹದಿನೈದಕ್ಕೂ ಹೆಚ್ಚು ಮಂದಿ ಮೃತಪಟ್ಟರು. ಅದರಲ್ಲಿ ಬೆರೆತಿದ್ದುದು ಮಾನೊಕ್ರೋಟೊಫಾಸ್ ಎಂಬ ಕೀಟನಾಶಕ. ಇದು ನರಗಳ ಸಂದೇಶವನ್ನು ನಿಲ್ಲಿಸುವ ಅಸಿಟೈಲ್‌ಕೋಲಿನೆಸ್ಟರೇಸ್ ಕಿಣ್ವವನ್ನು ತಡೆಯುತ್ತದೆ. ಇಂಥ ವಿಷವನ್ನು ಪ್ರಯೋಗಾಲಯದಲ್ಲಿ ಕ್ರೊಮಟೋಗ್ರಫಿಯಿಂದ ಬೇರ್ಪಡಿಸಿ, ಅಣುವಿನ ರಾಶಿಯಿಂದ ಗುರುತಿಸುತ್ತಾರೆ. ಮಾನೊಕ್ರೋಟೊಫಾಸ್‌ನ ಅಣುರಾಶಿ ಸುಮಾರು 223. ಶುದ್ಧ ಮಾದರಿಯೊಡನೆ ಹೋಲಿಸಿ ನೋಡಬಹುದು. ಬೇರೊಂದು ಪ್ರಯೋಗಾಲಯವೂ ಅದನ್ನೇ ಪರೀಕ್ಷಿಸಿ ಒಪ್ಪಬಹುದು, ಇಲ್ಲವೇ ತಪ್ಪು ತೋರಿಸಬಹುದು.

ಮಂಪರು ಪರೀಕ್ಷೆಯ ಕಥೆ ಬೇರೆ. 1922ರಲ್ಲಿ ಅಮೆರಿಕದ ಟೆಕ್ಸಾಸ್‌ನ ವೈದ್ಯ ರಾಬರ್ಟ್ ಹೌಸ್, ಸ್ಕೊಪೊಲಮಿನ್ ಕೊಟ್ಟು ಕೈದಿಗಳನ್ನು ಪ್ರಶ್ನಿಸಿದರು. ಇದು ನಮ್ಮ ಉಮ್ಮತ್ತಿ ಗಿಡದಲ್ಲೂ ಇರುವ ಸಂಯುಕ್ತ. ಮುಂದೆ ಅದರ ಜಾಗಕ್ಕೆ ಅರಿವಳಿಕೆಯ ಸೋಡಿಯಂ ಥಯೋಪೆಂಟಾಲ್ ಬಂತು. ಇದು ಮೆದುಳಿನ ‘ಗಾಬಾ’ ಗ್ರಾಹಕಗಳ ಮೇಲೆ ವರ್ತಿಸಿ ನರಕೋಶಗಳ ಚಟುವಟಿಕೆಯನ್ನು ತಗ್ಗಿಸುತ್ತದೆ. ಸಂಕೋಚ ಸಡಿಲವಾಗಿ ಮಾತು ಹೆಚ್ಚುತ್ತದೆ ನಿಜ. ಆದರೆ ಆ ಮಾತಿನಲ್ಲಿ ನೆನಪು, ಕಲ್ಪನೆ, ಪ್ರಶ್ನೆ ಕೇಳಿದವರೇ ಸೂಚಿಸಿದ ಉತ್ತರ ಎಲ್ಲವೂ ಬೆರೆತಿರುತ್ತವೆ. ಅವನ್ನು ಬೇರ್ಪಡಿಸುವ ಕ್ರೊಮಟೋಗ್ರಫಿ ಇಲ್ಲ. ಹೋಲಿಸಲು ಶುದ್ಧ ಮಾದರಿಯೂ ಇಲ್ಲ. ಪ್ರಮಾಣ ಮೀರಿದರೆ ಉಸಿರಾಟವೇ ನಿಲ್ಲಬಹುದು.

2000ರ ದಶಕದಲ್ಲಿ ಬೆಂಗಳೂರಿನ ವಿಧಿವಿಜ್ಞಾನ ಪ್ರಯೋಗಾಲಯ ಇಂಥ ಪರೀಕ್ಷೆಗಳಿಗೆ ದೇಶದಲ್ಲೆಲ್ಲ ಹೆಸರಾಗಿತ್ತು. ಛಾಪಾಕಾಗದ ಹಗರಣದ ತೆಲಗಿಯ ಪರೀಕ್ಷೆಯ ದೃಶ್ಯಗಳು ಟಿ.ವಿ. ವಾಹಿನಿಗಳಲ್ಲೂ ಪ್ರಸಾರವಾದವು. ಕೊನೆಗೆ 2010ರ ಮೇ 5ರಂದು ‘ಸೆಲ್ವಿ ವಿರುದ್ಧ ಕರ್ನಾಟಕ ರಾಜ್ಯ’ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್, ಒಪ್ಪಿಗೆಯಿಲ್ಲದೆ ಯಾರ ಮೇಲೂ ಈ ಪರೀಕ್ಷೆ ನಡೆಸಕೂಡದೆಂದು ತೀರ್ಪು ನೀಡಿತು. ಒಪ್ಪಿಗೆಯಿಂದ ನಡೆದರೂ ಮಂಪರಿನ ಮಾತೇ ಸಾಕ್ಷ್ಯವಾಗದು.

‘ಆ ಮಾತಿನಿಂದ ಸುಳಿವು ಸಿಗಬಹುದಲ್ಲ?’ ಎಂದು ನೀವು ಕೇಳಬಹುದು. ಸಿಗಬಹುದು. ಆದರೆ ಆಗಲೂ ನ್ಯಾಯಾಲಯ ತೂಗಿ ನೋಡುವುದು ಸುಳಿವಿನಿಂದ ದೊರೆತ ವಸ್ತುವನ್ನು. ಅಂದರೆ ನಾವು ಮತ್ತೆ ಪರೀಕ್ಷಿಸಬಹುದಾದ ಪುರಾವೆಗೇ ಮರಳಿದಂತಾಯಿತು. ಹಾಗಿದ್ದೂ ಈ ಔಷಧವನ್ನು ‘ಸತ್ಯದ ಮದ್ದು’ ಎಂದು ಕರೆಯುವುದು ವಿಜ್ಞಾನಕ್ಕೆ ಮಾಡುವ ಅಪಚಾರ. ನಿರಪರಾಧಿಯೊಬ್ಬ ಮಂಪರಿನಲ್ಲಿ ತೊದಲಿದ ಮಾತಿಗೆ ಬೆಲೆ ತೆರಬೇಕಾದರೆ ಅದು ಇನ್ನೂ ದೊಡ್ಡ ಅಪಚಾರ.

ಈ ವ್ಯತ್ಯಾಸವನ್ನು ತರಗತಿಯಲ್ಲೇ ತೋರಿಸಬಹುದು. ಇದಕ್ಕೆ ನಗರದ ಪ್ರಯೋಗಾಲಯ ಬೇಕಿಲ್ಲ, ಕೆರಗೋಡಿನಂಥ ಊರಿನ ಶಾಲೆಯೂ ಸಾಕು. ಎರಡು ಬೇರೆ ಕಂಪನಿಗಳ ಕಪ್ಪು ಸ್ಕೆಚ್ ಪೆನ್ನುಗಳಿಂದ ಸೋಸುಕಾಗದದ ಪಟ್ಟಿಗಳ ಮೇಲೆ ಒಂದೊಂದು ಚುಕ್ಕೆಯಿಟ್ಟು, ಚುಕ್ಕೆ ಮುಳುಗದಂತೆ ಪಟ್ಟಿಯ ತುದಿಯನ್ನು ನೀರಿಗೆ ತಾಗಿಸಿ. ನೀರು ಮೇಲೇರಿದಂತೆ ಬಣ್ಣಗಳು ಬೇರ್ಪಡುತ್ತವೆ. ಯಾವ ಪಟ್ಟಿಗೆ ಯಾವ ಪೆನ್ನು ಎಂದು ವಿದ್ಯಾರ್ಥಿಗಳೇ ಹೇಳಲಿ. ಆಮೇಲೆ ಕೇಳಿ: ಈ ಪೆನ್ನಿನಿಂದ ಬರೆದ ಮಾತು ನಿಜವೋ ಸುಳ್ಳೋ ಎಂಬುದನ್ನು ಈ ಕಾಗದ ಹೇಳುತ್ತದೆಯೇ?