ಕ್ಯಾವರ್ನ್ ನೆಲಮಾಳಿಗೆಯ ಪುನರ್ಮಿಲನ: ಒಂದು ವಿಮರ್ಶೆ

ಯೌವನದಲ್ಲಿ ಒಂದು ಊರಿನ ತರುಣ ತರುಣಿಯರನ್ನು ಕುಣಿಸಿದ ರಾಕ್ ಸಂಗೀತಗಾರರು ಮೂರು ನಾಲ್ಕು ದಶಕಗಳು ಉರುಳಿದ ಮೇಲೆ ಅದೇ ಊರಿನ ಕ್ಲಬ್ಬೊಂದರಲ್ಲಿ ಒಂದು ರಾತ್ರಿ ಮತ್ತೆ ನಿಂತು ನುಡಿಸುವ ಪದ್ಧತಿ ಪಾಶ್ಚಾತ್ಯ ದೇಶಗಳಲ್ಲಿ ಈಗ ಬೇರೂರಿದೆ. ಇಂತಹ ರಾತ್ರಿಗಳನ್ನು ಕುರಿತು ಸಾಮಾನ್ಯವಾಗಿ ಎರಡು ಬಗೆಯ ಮಾತುಗಳು ಕೇಳಿಬರುತ್ತವೆ. ಕಾಲವು ಹಿಮ್ಮೊಗವಾಗಿ ಹರಿಯಿತು, ಹಳೆಯ ದಿನಗಳು ಮರಳಿ ಬಂದುವು ಎಂದು ಅಭಿಮಾನಿಗಳು ಹಿಗ್ಗುತ್ತಾರೆ. ವಯಸ್ಸಾದವರು ಹಳೆಯ ಹೆಸರನ್ನು ಮಾರಿಕೊಂಡರು ಎಂದು ಉಳಿದವರು ಮೂಗು ಮುರಿಯುತ್ತಾರೆ. ಮೊದಲನೆಯದು ಭಾವಾವೇಶ, ಎರಡನೆಯದು ತಾತ್ಸಾರ, ಎರಡರಲ್ಲಿಯೂ ವಿಮರ್ಶೆಯಿಲ್ಲ.

ಈ ವಿಷಯವನ್ನು ಇಲ್ಲಿ ಎತ್ತಿಕೊಳ್ಳಲು ಒಂದು ನಿಮಿತ್ತವುಂಟು. ಪದವಿ ತರಗತಿಯಲ್ಲಿ ಇತಿಹಾಸದ ಆಧಾರಗಳನ್ನು ಕುರಿತು ಪಾಠ ಹೇಳುತ್ತಿದ್ದಾಗ, 1999ರಲ್ಲಿ ಲಿವರ್‌ಪೂಲ್ ನಗರದ ಕ್ಯಾವರ್ನ್ ಕ್ಲಬ್ಬಿನಲ್ಲಿ ನಡೆದ ಸಂಗೀತ ಕಚೇರಿಯ ಚಿತ್ರದಿಂದ ಒಂದು ಭಾಗವನ್ನು ವಿದ್ಯಾರ್ಥಿಗಳಿಗೆ ತೋರಿಸಿದ್ದೆನು. ನೋಡಿ ಮುಗಿದ ಮೇಲೆ ಒಬ್ಬ ವಿದ್ಯಾರ್ಥಿನಿ ಎದ್ದು, “ಆ ಕಾಲದಲ್ಲಿ ಅಲ್ಲಿ ಹಾಡಿದವರೇ ಮತ್ತೆ ಅಲ್ಲೇ ನಿಂತು ಹಾಡಿದರೆ ಅದನ್ನೂ ಮೂಲ ಆಧಾರ ಅಂತ ತಗೋಬಹುದಲ್ಲವೇ, ಸಾರ್?” ಎಂದು ಕೇಳಿದಳು. ಗಂಟೆ ಹೊಡೆಯುವ ಹೊತ್ತಾಗಿದ್ದುದರಿಂದ ‘ತೆಗೆದುಕೊಳ್ಳಬಹುದು’ ಎಂದು ಹೇಳಿ ಪಾಠವನ್ನು ಮುಗಿಸಿದೆನು. ಆ ಉತ್ತರ ಸರಿಯಲ್ಲವೆಂದು ಆಮೇಲೆ ತೋರಿತು. ಆ ಪ್ರಶ್ನೆಗೆ ಸಾವಧಾನವಾಗಿ ಉತ್ತರ ಹೇಳುವ ಪ್ರಯತ್ನವೇ ಪ್ರಕೃತ ಲೇಖನ.

ಮೊದಲು ಸ್ಥಳದ ಚರಿತ್ರೆಯನ್ನು ನೋಡೋಣ. 1957ರ ಜನವರಿ 16ರಂದು ಅಲನ್ ಸಿಟ್ನರ್ ಎಂಬಾತನು ಪ್ಯಾರಿಸ್ಸಿನ ಜಾಸ್ ಕ್ಲಬ್ಬೊಂದನ್ನು ಮಾದರಿಯಾಗಿ ಇಟ್ಟುಕೊಂಡು, ಲಿವರ್‌ಪೂಲಿನ ಮ್ಯಾಥ್ಯೂ ಸ್ಟ್ರೀಟಿನಲ್ಲಿದ್ದ ಹಳೆಯ ಉಗ್ರಾಣವೊಂದರ ನೆಲಮಾಳಿಗೆಯಲ್ಲಿ ಕ್ಯಾವರ್ನ್ ಕ್ಲಬ್ಬನ್ನು ತೆರೆದನು. ಕಮಾನುಗಳಿಂದ ಒಂದಕ್ಕೊಂದು ಕೂಡಿಕೊಂಡ ಇಟ್ಟಿಗೆಯ ಮೂರು ಉದ್ದನೆಯ ಅಂಕಣಗಳು, ನಡುವಿನ ಅಂಕಣದ ಕೊನೆಯಲ್ಲಿ ಒಂದು ಪುಟ್ಟ ವೇದಿಕೆ. ಇಷ್ಟೇ ಅದರ ವಾಸ್ತು. ಗಾಳಿಯ ಸಂಚಾರವಿಲ್ಲದೆ, ಕಿಕ್ಕಿರಿದವರ ಉಸಿರೂ ಬೆವರೂ ತಣ್ಣನೆಯ ಗೋಡೆಯ ಮೇಲೆ ನೀರಾಗಿ ಇಳಿಯುತ್ತಿದ್ದುವು. ಮದ್ಯ ಮಾರುವ ಪರವಾನಗಿ ಇರಲಿಲ್ಲವಾದುದರಿಂದ ಅಲ್ಲಿ ಸಿಗುತ್ತಿದ್ದುದು ಕಾಫಿ, ಸೂಪು, ಕೋಲಾ ಮುಂತಾದವು ಮಾತ್ರ. 1959ರಲ್ಲಿ ರೇ ಮೆಕ್‌ಫಾಲ್ ಅದನ್ನು ಕೊಂಡುಕೊಂಡ ಮೇಲೆ, ಜಾಸ್ ಸಂಗೀತಕ್ಕೆ ಮೀಸಲಾಗಿದ್ದ ವೇದಿಕೆ ಕ್ರಮೇಣ ಆ ಊರಿನ ಗಿಟಾರ್ ತಂಡಗಳಿಗೆ ತೆರೆಯಿತು. ಮಧ್ಯಾಹ್ನದ ಊಟದ ಬಿಡುವಿನಲ್ಲಿ ಸುತ್ತಣ ಕಚೇರಿಗಳ ಗುಮಾಸ್ತರೂ ಬೆರಳಚ್ಚುಗಾರ್ತಿಯರೂ ಅಂಗಡಿಯ ಹುಡುಗಿಯರೂ ಮೆಟ್ಟಿಲಿಳಿದು ಬರುತ್ತಿದ್ದರು. ಬೀಟಲ್ಸ್ ತಂಡ ಆ ಹೆಸರಿನಿಂದ ಅಲ್ಲಿ ಮೊದಲು ನುಡಿಸಿದ್ದು 1961ರ ಫೆಬ್ರುವರಿ 9ರ ಮಧ್ಯಾಹ್ನ. ಕೊನೆಯ ಸಲ ನುಡಿಸಿದ್ದು 1963ರ ಆಗಸ್ಟ್ 3ರಂದು.

ಕೀರ್ತಿಯು ಕ್ಲಬ್ಬನ್ನು ಉಳಿಸಲಿಲ್ಲ. 1966ರ ಫೆಬ್ರುವರಿಯಲ್ಲಿ ಸಾಲದಿಂದಾಗಿ ಅದು ಮುಚ್ಚಿತು. ಅದೇ ಜುಲೈನಲ್ಲಿ ಪ್ರಧಾನಿ ಹೆರಾಲ್ಡ್ ವಿಲ್ಸನ್ ಅದನ್ನು ಮತ್ತೆ ತೆರೆದರು. 1973ರಲ್ಲಿ, ಸುರಂಗ ರೈಲುಮಾರ್ಗಕ್ಕೆ ಗಾಳಿಯ ಬಾವಿಯೊಂದನ್ನು ತೋಡಬೇಕೆಂಬ ಕಾರಣದಿಂದ ಅದನ್ನು ಮುಚ್ಚಿಸಿ ಕಟ್ಟಡವನ್ನು ಕೆಡವಿದರು. ಆ ಬಾವಿಯನ್ನು ಅಲ್ಲಿ ತೋಡಲೇ ಇಲ್ಲ. ನೆಲಮಾಳಿಗೆಯನ್ನು ತುಂಬಿ, ಮೇಲೆ ಮೋಟಾರು ಗಾಡಿಗಳನ್ನು ನಿಲ್ಲಿಸಿದರು. 1984ರ ಏಪ್ರಿಲಿನಲ್ಲಿ ತೆರೆದ ಇಂದಿನ ಕ್ಯಾವರ್ನ್ ಹಳೆಯ ನಿವೇಶನದ ಬಹುಭಾಗವನ್ನು ಆಕ್ರಮಿಸಿದೆ. ಹಳೆಯ ಕಟ್ಟಡದ ಸುಮಾರು 15,000 ಇಟ್ಟಿಗೆಗಳು ಅದರಲ್ಲಿ ಸೇರಿವೆ. ಆದರೆ ಹಳೆಯದಕ್ಕಿಂತ ಅದು ಹೆಚ್ಚು ಆಳದಲ್ಲಿದೆ. ಇಟ್ಟಿಗೆ ಮೂಲದ್ದು, ಕಟ್ಟಡ ಮೂಲದ್ದಲ್ಲ. ಈ ಮಾತನ್ನು ಓದುಗರು ನೆನಪಿನಲ್ಲಿಡಬೇಕು. ಅಲ್ಲಿ ನಡೆಯುವ ಪುನರ್ಮಿಲನಗಳಿಗೂ ಇದೇ ನ್ಯಾಯ ಅನ್ವಯಿಸುತ್ತದೆ ಎಂಬುದೇ ನಮ್ಮ ವಾದ.

1999ರ ಡಿಸೆಂಬರ್ 14ರ ರಾತ್ರಿ ಈ ಹೊಸ ಕ್ಯಾವರ್ನಿನಲ್ಲಿ ಪಾಲ್ ಮೆಕಾರ್ಟ್ನಿ ಹಾಡಿದರು. ಆಗ ಅವರಿಗೆ 57 ವರ್ಷ. ಜೊತೆಗಿದ್ದವರಲ್ಲಿ ಹಲವರು ತಮ್ಮ ತಮ್ಮ ತಂಡಗಳಲ್ಲಿ ಹೆಸರಾದ ಹಿರಿಯರು: ಪಿಂಕ್ ಫ್ಲಾಯ್ಡ್ ತಂಡದ ಗಿಟಾರ್ ವಾದಕ ಡೇವಿಡ್ ಗಿಲ್ಮರ್, ಜಾನಿ ಕಿಡ್‌ನ ಪೈರೇಟ್ಸ್ ತಂಡದಲ್ಲಿದ್ದ ಮಿಕ್ ಗ್ರೀನ್, ಡೀಪ್ ಪರ್ಪಲ್ ತಂಡದ ಡ್ರಮ್ ವಾದಕ ಇಯನ್ ಪೇಸ್, ಇವರೊಡನೆ ಕೀಲಿಮಣೆಯಲ್ಲಿ ಪೀಟ್ ವಿಂಗ್‌ಫೀಲ್ಡ್, ಅಕಾರ್ಡಿಯನ್ನಿನಲ್ಲಿ ಕ್ರಿಸ್ ಹಾಲ್. ನೆರೆದಿದ್ದವರು ಕೆಲವು ನೂರು ಮಂದಿ ಮಾತ್ರ. ಆದರೆ ಅಂತರಜಾಲದ ಮೂಲಕ ದೂರದೂರದವರೂ ಅದನ್ನು ಕಂಡರು. ಅದೇ ವರ್ಷ ಹೊರಬಂದಿದ್ದ ‘ರನ್ ಡೆವಿಲ್ ರನ್’ ಎಂಬ ಧ್ವನಿಮುದ್ರಿಕೆಯ ಪ್ರಚಾರವೂ ಆ ರಾತ್ರಿಯ ಉದ್ದೇಶವಾಗಿದ್ದಿತೆಂಬುದನ್ನು ಮರೆಮಾಚಬೇಕಾಗಿಲ್ಲ. ಪ್ರಚಾರಕ್ಕಾಗಿ ನಡೆದುದೆಲ್ಲ ಕಳಪೆಯಾಗಿರಬೇಕೆಂಬ ನಿಯಮವೂ ಇಲ್ಲ.

ಈ ಕಚೇರಿಯ ಗುಣವನ್ನು ಅಳೆಯಲು ಮೊದಲು ಅದರ ಹಾಡುಗಳ ಆಯ್ಕೆಯನ್ನು ಪರಿಶೀಲಿಸಬೇಕು. ಹಾಡಿದ್ದು ಒಟ್ಟು 13. ಅವುಗಳಲ್ಲಿ ಬೀಟಲ್ಸ್ ಹಾಡು ಒಂದೇ ಒಂದು. ಲೋಕಪ್ರಸಿದ್ಧವಾದ ತಮ್ಮ ಕೃತಿಗಳನ್ನು ಒಂದಾದ ಮೇಲೊಂದರಂತೆ ಹಾಡಿ ಚಪ್ಪಾಳೆ ಗಿಟ್ಟಿಸುವುದು ಮೆಕಾರ್ಟ್ನಿಗೆ ಅತ್ಯಂತ ಸುಲಭವಾಗಿದ್ದಿತು. ಅವರು ಹಾಗೆ ಮಾಡದೆ, ಬಹುಮಟ್ಟಿಗೆ 1950ರ ದಶಕದ ಅಮೆರಿಕದ ರಾಕ್ ಅಂಡ್ ರೋಲ್ ಹಾಡುಗಳನ್ನು ಎತ್ತಿಕೊಂಡರು. ಇತಿಹಾಸದ ದೃಷ್ಟಿಯಿಂದ ಇದು ಮಹತ್ತ್ವದ ಸಂಗತಿ. ಬೀಟಲ್ಸ್ ಕೀರ್ತಿಯ ಬೆಳಕು ಕಣ್ಣಿಗೆ ಕವಿದು, ಕ್ಯಾವರ್ನಿನ ದಿನನಿತ್ಯದ ಸಂಗೀತ ಯಾವುದಾಗಿದ್ದಿತೆಂಬುದನ್ನು ನಾವು ಮರೆತಿದ್ದೇವೆ. 1961ರಲ್ಲಿ ಆ ವೇದಿಕೆಯನ್ನು ಏರಿದ ತಂಡಗಳೆಲ್ಲವೂ ಮುಖ್ಯವಾಗಿ ಹಾಡುತ್ತಿದ್ದುದು ಎರವಲು ತಂದ ಹಾಡುಗಳನ್ನೇ. ಸ್ವಂತ ಹಾಡು ಕಟ್ಟುವ ಅಭ್ಯಾಸ ಆಗಿನ್ನೂ ಚಿಗುರುತ್ತಿತ್ತು. ಆದುದರಿಂದ 1999ರ ಆಯ್ಕೆ ಕೀರ್ತಿಯ ಕಾಲದಿಂದ ಹಿಂದಕ್ಕೆ ಸರಿದು ಕಲಿಕೆಯ ಕಾಲವನ್ನು ತೋರಿಸಿತು.

ಇನ್ನೊಂದು ಅಂಶವಿದೆ. ‘ಟ್ವೆಂಟಿ ಫ್ಲೈಟ್ ರಾಕ್’ ಎಂಬ ಹಾಡು ಆ ರಾತ್ರಿಯ ಪಟ್ಟಿಯಲ್ಲಿದ್ದಿತು. 1957ರ ಜುಲೈ 6ರಂದು ಲಿವರ್‌ಪೂಲಿನ ವೂಲ್ಟನ್ ಎಂಬಲ್ಲಿ ಚರ್ಚಿನ ಉತ್ಸವದ ದಿನ, 15 ವರ್ಷದ ಮೆಕಾರ್ಟ್ನಿ ಜಾನ್ ಲೆನ್ನನ್‌ಗೆ ಮೊದಲ ಭೇಟಿಯಲ್ಲಿಯೇ ಹಾಡಿ ತೋರಿಸಿದ್ದು ಇದೇ ಹಾಡನ್ನು. ಲೆನ್ನನ್ 1980ರ ಡಿಸೆಂಬರಿನಲ್ಲಿ ಕೊಲೆಯಾದರು. 1998ರ ಏಪ್ರಿಲಿನಲ್ಲಿ ಮೆಕಾರ್ಟ್ನಿಯ ಪತ್ನಿ ಲಿಂಡಾ ತೀರಿಕೊಂಡಿದ್ದರು. ಆ ಶೋಕದ ಬಳಿಕ ಸಿದ್ಧವಾದ ಮುದ್ರಿಕೆಯ ಹಾಡುಗಳೇ ಇಲ್ಲಿ ಹೆಚ್ಚಾಗಿದ್ದುವು. ಇದನ್ನೆಲ್ಲ ಬಲ್ಲವನಿಗೆ ಕುಣಿತದ ಲಯದ ಅಡಿಯಲ್ಲಿ ಒಂದು ಶೋಕದ ಧ್ವನಿ ಕೇಳದೆ ಇರದು. ಆದರೆ ಗಾಯಕರು ಅದನ್ನು ಎತ್ತಿ ಆಡಿ ಕರುಣೆಯನ್ನು ಬೇಡಲಿಲ್ಲ. ಇಲ್ಲದವರ ವಿಷಯದಲ್ಲಿ ತೋರಿದ ಈ ಸಂಯಮ ಕಚೇರಿಯ ಎರಡನೆಯ ಗುಣ.

ಮೂರನೆಯದು, ಅನುಕರಣೆಯನ್ನು ಬಿಟ್ಟದ್ದು. ಚಕ್ ಬೆರಿಯ ‘ಬ್ರೌನ್ ಐಡ್ ಹ್ಯಾಂಡ್‌ಸಮ್ ಮ್ಯಾನ್’ ಎಂಬ ಹಾಡಿಗೆ ಅಕಾರ್ಡಿಯನ್ ಸೇರಿಸಿ ಬೇರೆಯೇ ಒಂದು ಬಣ್ಣವನ್ನು ಕೊಟ್ಟರು. ‘ನೋ ಅದರ್ ಬೇಬಿ’ ಎಂಬ ಹಾಡಿನ ಮುದ್ರಿಕೆ ಮೆಕಾರ್ಟ್ನಿಯ ಬಳಿ ಎಂದೂ ಇರಲಿಲ್ಲ. ಹುಡುಗತನದಲ್ಲಿ ಕೇಳಿದುದು ನಾಲ್ಕು ದಶಕ ಮನಸ್ಸಿನಲ್ಲಿ ಉಳಿದು ಹೊರಬಂದಿತು. ಇದು ಹಳೆಯ ಹಾಡಿನ ಪ್ರತಿಯಲ್ಲ. ಒಬ್ಬ ಮನುಷ್ಯನೊಳಗೆ ಆ ಹಾಡು ಹೇಗೆ ಬಾಳಿತು ಎಂಬುದರ ದಾಖಲೆ. ಇಲ್ಲಿಗೆ ವಿದ್ಯಾರ್ಥಿನಿಯ ಪ್ರಶ್ನೆಯ ಬಳಿಗೆ ಬಂದಂತಾಯಿತು. 1961ರ ಕ್ಯಾವರ್ನ್ ಹೇಗೆ ಧ್ವನಿಸುತ್ತಿತ್ತು ಎಂಬುದಕ್ಕೆ ಈ ಕಚೇರಿ ಆಧಾರವಲ್ಲ. 1961ನ್ನು ಬದುಕಿದವನೊಬ್ಬನು 1999ರಲ್ಲಿ ಅದನ್ನು ಹೇಗೆ ಅರ್ಥಮಾಡಿಕೊಂಡಿದ್ದನು ಎಂಬುದಕ್ಕೆ ಇದು ಆಧಾರ. ಆ ಮಟ್ಟಿಗೆ ಮೂಲ ಆಧಾರವೇ ಹೌದು.

ಗುಣಗಳಂತೆಯೇ ದೋಷವನ್ನೂ ಹೇಳಬೇಕು. ವೇದಿಕೆಯ ಮೇಲಿದ್ದ ಹಿರಿಯರಲ್ಲಿ ಮೆಕಾರ್ಟ್ನಿಯೊಬ್ಬರನ್ನು ಬಿಟ್ಟರೆ ಲಿವರ್‌ಪೂಲ್ ತಂಡಗಳಿಂದ ಬಂದವರು ಯಾರೂ ಇರಲಿಲ್ಲ. ಅವರು ಸಮರ್ಥರೆಂಬುದರಲ್ಲಿ ಸಂದೇಹವಿಲ್ಲ. ಆದರೆ ಅವರ ಸಾಮರ್ಥ್ಯವೇ ಇಲ್ಲಿ ಒಂದು ಮುಸುಕಾಯಿತು. ಹಳೆಯ ಕ್ಯಾವರ್ನಿನ ಸಂಗೀತವನ್ನು ಕಟ್ಟಿದ್ದು ಒಬ್ಬಿಬ್ಬರು ಪ್ರತಿಭಾವಂತರಲ್ಲ. ರೋರಿ ಸ್ಟಾರ್ಮ್ ಅಂಡ್ ದಿ ಹರಿಕೇನ್ಸ್, ಬಿಗ್ ಥ್ರೀ, ಅಂಡರ್‌ಟೇಕರ್ಸ್, ರೀಮೋ ಫೋರ್, ಮರ್ಸಿಬೀಟ್ಸ್ ಮುಂತಾದ ಎಷ್ಟೋ ತಂಡಗಳು ಒಂದನ್ನೊಂದು ಕೇಳಿ, ಒಂದರಿಂದೊಂದು ಕದ್ದು, ಪೈಪೋಟಿಯಿಂದ ಬೆಳೆದುವು. ಬಿಲ್ ಹ್ಯಾರಿ 1961ರ ಜುಲೈನಲ್ಲಿ ಆರಂಭಿಸಿದ ‘ಮರ್ಸಿ ಬೀಟ್’ ಪತ್ರಿಕೆ ಈ ಸಮುದಾಯಕ್ಕಾಗಿಯೇ ಹುಟ್ಟಿತು. 1999ರ ರಾತ್ರಿಯಲ್ಲಿ ಈ ಸಮುದಾಯ ಕಾಣಲಿಲ್ಲ. 2018ರ ಜುಲೈ 26ರಂದು ಮೆಕಾರ್ಟ್ನಿ ಮತ್ತೊಮ್ಮೆ ಅಲ್ಲಿ ನುಡಿಸಿದಾಗಲೂ ಜೊತೆಗಿದ್ದುದು ಅವರ ಸ್ವಂತ ಸಂಚಾರಿ ತಂಡವೇ.

ಆ ಸಮುದಾಯವನ್ನು ಬೇರೆ ಕಡೆ ಹುಡುಕಬೇಕಾಗುತ್ತದೆ. ಮರ್ಸಿಕ್ಯಾಟ್ಸ್ ಎಂಬ ಹೆಸರಿನಲ್ಲಿ ಅರುವತ್ತರ ದಶಕದ ಲಿವರ್‌ಪೂಲ್ ಸಂಗೀತಗಾರರು ಒಟ್ಟುಗೂಡಿ, ಊರಿನ ಕ್ಲಬ್ಬುಗಳಲ್ಲಿ ಪುನರ್ಮಿಲನದ ರಾತ್ರಿಗಳನ್ನು ನಡೆಸಿ, ಬಂದ ಹಣವನ್ನು ಮಕ್ಕಳ ನೆರವಿಗೆ ವಿನಿಯೋಗಿಸಿದರು. ಕೀರ್ತಿ ಕೈಗೆ ಸಿಕ್ಕದೆ ಬೇರೆ ಉದ್ಯೋಗಗಳಲ್ಲಿ ಆಯುಸ್ಸನ್ನು ಕಳೆದವರು ಗಿಟಾರನ್ನು ಮತ್ತೆ ಕೈಗೆತ್ತಿಕೊಂಡ ರಾತ್ರಿಗಳು ಅವು. ಸಂಗೀತದ ನಯದಲ್ಲಿ ಇವು 1999ರ ಕಚೇರಿಗೆ ಸಾಟಿಯಾಗಬೇಕಾಗಿಲ್ಲ. ಆದರೆ ಯಾವ ತಂಡದಲ್ಲಿ ಯಾರಿದ್ದರು, ಯಾರು ಯಾರಿಂದ ಯಾವ ಹಾಡನ್ನು ಕಲಿತರು, ಯಾರು ಏಕೆ ಬಿಟ್ಟುಹೋದರು ಎಂಬ ವಿಷಯಗಳು ಬದುಕಿರುವುದು ಇಂತಹವರ ಮಾತಿನಲ್ಲಿಯೇ. ದೊಡ್ಡವರ ಪುನರ್ಮಿಲನ ನಮಗೆ ಒಂದು ವ್ಯಾಖ್ಯಾನವನ್ನು ಕೊಟ್ಟರೆ, ಸಾಮಾನ್ಯರ ಪುನರ್ಮಿಲನ ಸಾಕ್ಷಿಗಳನ್ನು ಒಂದೆಡೆ ಕೂಡಿಸುತ್ತದೆ. ನಮ್ಮ ಅಭಿಪ್ರಾಯದಲ್ಲಿ ಎರಡನೆಯ ಉಪಕಾರವೇ ದೊಡ್ಡದು.

ಸಾಕ್ಷಿಗಳ ಮಾತನ್ನು ಕಣ್ಣುಮುಚ್ಚಿ ನಂಬಬೇಕೆಂದು ಇದರ ಅರ್ಥವಲ್ಲ. ಬೀಟಲ್ಸ್ ಕ್ಯಾವರ್ನಿನಲ್ಲಿ 292 ಸಲ ನುಡಿಸಿದರೆಂಬ ಮಾತು ಮಂತ್ರದಂತೆ ಪುನರುಕ್ತವಾಗುತ್ತ ಬಂದಿದೆ. ಕ್ಲಬ್ಬಿನ ನಿರೂಪಕರಾಗಿದ್ದ ಬಾಬ್ ವೂಲರ್ ಹೇಳಿದ ಲೆಕ್ಕ ಅದು. ಅಂದಿನ ಪತ್ರಿಕೆಗಳ ಜಾಹೀರಾತುಗಳನ್ನು ಶೋಧಿಸಿದವರ ಎಣಿಕೆ ಇದಕ್ಕಿಂತ ಕಡಿಮೆಯಾಗಿದೆ. ವೂಲರ್ ಅಲ್ಲಿದ್ದವರು, ಪ್ರಾಮಾಣಿಕರು. ಆದರೂ ನೆನಪು ಲೆಕ್ಕದ ಪುಸ್ತಕವಲ್ಲ. ನೆನಪನ್ನು ಕಾಗದದೊಡನೆ ಇಟ್ಟು ನೋಡುವ ಕೆಲಸ ಇತಿಹಾಸಕಾರನದು. ಆ ಕೆಲಸಕ್ಕೆ ಉಳಿದಿರುವ ಕಾಲವಾದರೂ ಅಲ್ಪ. ಗೆರಿ ಅಂಡ್ ದಿ ಪೇಸ್‌ಮೇಕರ್ಸ್ ತಂಡದ ಗೆರಿ ಮಾರ್ಸ್ಡನ್ 2021ರ ಜನವರಿಯಲ್ಲಿ ನಿಧನರಾದರು. 1957ರಲ್ಲಿ ಹುಟ್ಟಿದ ಸರ್ಚರ್ಸ್ ತಂಡ 2025ರ ಜೂನ್ 27ರಂದು ಗ್ಲಾಸ್ಟನ್‌ಬರಿಯಲ್ಲಿ ತನ್ನ ಕೊನೆಯ ಕಚೇರಿಯನ್ನು ನಡೆಸಿತು. ಆ ಪೀಳಿಗೆಯ ಮುಂದೆ ಇನ್ನು ಹೆಚ್ಚು ಪುನರ್ಮಿಲನಗಳಿಲ್ಲ.

ಒಟ್ಟಿನಲ್ಲಿ ಹೇಳುವುದಾದರೆ, ಹಿರಿಯರು ಮತ್ತೆ ವೇದಿಕೆಯನ್ನು ಏರುವ ರಾತ್ರಿಯನ್ನು ಮೂರು ಪ್ರಶ್ನೆಗಳಿಂದ ಪರೀಕ್ಷಿಸಬಹುದು. ಆಯ್ದ ಹಾಡುಗಳು ಆ ಕಾಲದ ನಿಜವನ್ನು ಹೇಳುತ್ತವೆಯೇ, ಇಲ್ಲವೇ ಆಮೇಲೆ ಬಂದ ಕೀರ್ತಿಯನ್ನು ಮಾತ್ರ ಹೇಳುತ್ತವೆಯೇ? ಕಳೆದ ವರ್ಷಗಳನ್ನು ಒಪ್ಪಿಕೊಂಡು ಹಾಡುತ್ತಾರೆಯೇ, ಮರೆಮಾಚುತ್ತಾರೆಯೇ? ಬಾರದೆ ಹೋದವರಿಗೂ ಹೆಸರಿಲ್ಲದವರಿಗೂ ಅಲ್ಲಿ ಸ್ಥಳವಿದೆಯೇ? 1999ರ ಕ್ಯಾವರ್ನ್ ಕಚೇರಿ ಮೊದಲ ಎರಡರಲ್ಲಿ ಗೆದ್ದಿತು. ಮೂರನೆಯದರಲ್ಲಿ, ಅಗಲಿದ ಆತ್ಮೀಯರನ್ನು ಸಂಯಮದಿಂದ ನೆನೆಯಿತಾದರೂ, ಹೆಸರಿಲ್ಲದ ತಂಡಗಳನ್ನು ಮರೆಯಿತು.

ವಿದ್ಯಾರ್ಥಿನಿಗೆ ನಾನು ಹೇಳಬೇಕಾಗಿದ್ದುದು ಇಷ್ಟು: ಹೊಸ ಕ್ಯಾವರ್ನಿನ ಗೋಡೆಯಲ್ಲಿರುವ ಹಳೆಯ ಇಟ್ಟಿಗೆ ಸುಳ್ಳಲ್ಲ, ಆದರೆ ಅದನ್ನು ಮುಟ್ಟಿದ ಮಾತ್ರಕ್ಕೆ ಹಳೆಯ ನೆಲಮಾಳಿಗೆಗೆ ಇಳಿದಂತಾಗುವುದಿಲ್ಲ. ಯಾವ ಇಟ್ಟಿಗೆ ಅಂದಿನದು, ಯಾವ ಗಾರೆ ಇಂದಿನದು ಎಂದು ಗುರುತಿಸಬಲ್ಲವನಿಗೆ ಮಾತ್ರ ಆ ಗೋಡೆ ಮಾತಾಡುತ್ತದೆ. ಮುಂದಿನ ತರಗತಿಯಲ್ಲಿ ಮೊದಲು ಇದನ್ನು ಹೇಳಿ ಆಮೇಲೆ ಪಾಠವನ್ನು ಮುಂದುವರಿಸುವೆನು.