ಶರತ್ಕಾಲದ ಮಲೆನಾಡು: ಬುಟ್ಟಿಯ ಚಿತ್ತಾರ ಮತ್ತು ಬಾಗಿಲ ಹಾಡು



ಆಶ್ವಯುಜ ಮಾಸದ ಹುಣ್ಣಿಮೆಗೂ ಕಾರ್ತಿಕದ ಮೊದಲ ಪಾಡ್ಯಕ್ಕೂ ನಡುವೆ ಇರುವುದು ಒಂದು ಪಕ್ಷದ ಅವಧಿ ಮಾತ್ರ. ಮಲೆನಾಡಿನಲ್ಲಿ ಅದು ಮಳೆ ಹಿಂದೆಗೆಯುವ ಕಾಲ. ಗದ್ದೆಯಲ್ಲಿ ಭತ್ತವು ಹೊಡೆ ತುಂಬಿ ತೆನೆಯೊಡೆಯುವ ಕಾಲ. ಶಿವಮೊಗ್ಗ ಜಿಲ್ಲೆಯ ಸಾಗರ, ಸೊರಬ, ಹೊಸನಗರ, ತೀರ್ಥಹಳ್ಳಿಗಳ ಕಡೆಯಲ್ಲಿಯೂ ಉತ್ತರ ಕನ್ನಡದ ಸಿದ್ಧಾಪುರದ ಸುತ್ತಿನಲ್ಲಿಯೂ ಈ ಅಲ್ಪಾವಧಿಯಲ್ಲಿಯೇ ಎರಡು ಕಲೆಗಳು ಮನೆಯಿಂದ ಹೊರಗೆ ಬರುತ್ತವೆ. ಒಂದು, ಭೂಮಿ ಹುಣ್ಣಿಮೆಯ ಬುಟ್ಟಿಯ ಮೇಲೆ ದೀವರ ಹೆಣ್ಣುಮಕ್ಕಳು ಬರೆಯುವ ಚಿತ್ತಾರ. ಇನ್ನೊಂದು, ಬಲಿಪಾಡ್ಯಮಿಯ ರಾತ್ರಿ ದೀಪವನ್ನು ಹಿಡಿದು ಮನೆಯಿಂದ ಮನೆಗೆ ಹೋಗುವವರ ಅಂಟಿಗೆ-ಪಂಟಿಗೆಯ ಹಾಡು. ಒಂದು ತುಂಬುದಿಂಗಳಿನದು, ಮತ್ತೊಂದು ಅಮಾವಾಸ್ಯೆಯ ಬೆನ್ನಿಗೇ ಬರುವ ಕತ್ತಲಿನದು.

ಇವೆರಡನ್ನೂ ಕುರಿತು ಬರೆಯುವವರು ಈಗ ಕಡಮೆಯೇನೂ ಇಲ್ಲ. ಆದರೆ ಆ ಬರಹಗಳಲ್ಲಿ ಹೆಚ್ಚಿನವು ಹೊಗಳಿಕೆಯಲ್ಲಿ ಮೊದಲಾಗಿ ಹೊಗಳಿಕೆಯಲ್ಲಿಯೇ ಮುಗಿಯುತ್ತವೆ. ಜನಪದರದು ಎಂದೊಡನೆ ವಿಮರ್ಶೆಯ ಕಣ್ಣನ್ನು ಮುಚ್ಚಿಕೊಳ್ಳುವುದು ಗೌರವವಲ್ಲ, ಒಂದು ಬಗೆಯ ಉಪೇಕ್ಷೆ. ಚೆನ್ನಾದ ಬುಟ್ಟಿಯೂ ಉಂಟು, ಚೆನ್ನಾಗಿಲ್ಲದ ಬುಟ್ಟಿಯೂ ಉಂಟು. ಬರೆಯುವ ಹೆಂಗಸರಿಗೆ ಅದು ತಿಳಿದಿದೆ. ನಮಗೆ ತಿಳಿಯದಿರುವುದಕ್ಕೆ ಕಾರಣ, ಅದನ್ನು ಅಳೆಯುವ ಕೋಲನ್ನು ನಾವು ಚಿತ್ರಶಾಲೆಯಿಂದಲೂ ಸಂಗೀತ ಸಭೆಯಿಂದಲೂ ಎರವಲು ತಂದಿರುವುದೇ ಆಗಿದೆ. ಈ ಕಲೆಗಳನ್ನು ಕಂಡಾಗ ಮೊದಲು ಕೇಳಬೇಕಾದ ಪ್ರಶ್ನೆ 'ಇದು ಹೇಗಿದೆ' ಎಂಬುದಲ್ಲ, 'ಇದು ಎಲ್ಲಿಗೆ ಹೋಗುತ್ತದೆ' ಎಂಬುದು. ಬುಟ್ಟಿ ಗದ್ದೆಗೆ ಹೋಗುತ್ತದೆ, ಹಾಡು ಬಾಗಿಲಿಗೆ ಹೋಗುತ್ತದೆ. ಇಷ್ಟನ್ನು ಮರೆತರೆ ಮಿಕ್ಕ ಗುಣದೋಷ ವಿಚಾರವೆಲ್ಲ ದಾರಿ ತಪ್ಪುತ್ತದೆಂಬುದೇ ಈ ಲೇಖನದ ವಾದ.

ಮೊದಲು ಬುಟ್ಟಿಯನ್ನು ನೋಡೋಣ. ಮಹಾನವಮಿಯ ಸುಮಾರಿಗೆ ಬಿದಿರಿನ ಬುಟ್ಟಿಗೆ ಸಗಣಿ ಸಾರಿಸಿ, ಒಣಗಿಸಿ, ಅದರ ಮೇಲೆ ಕೆಮ್ಮಣ್ಣು ಬಳಿಯುತ್ತಾರೆ. ಆ ಕೆಂಪು ನೆಲದ ಮೇಲೆ ಅಕ್ಕಿಯ ಹಿಟ್ಟನ್ನು ಕಲಸಿದ ಬಿಳಿಯಿಂದ ಎಳೆ ಎಳೆಯಾಗಿ ಬರೆಯುತ್ತಾರೆ. ಕುಂಚವೆಂದರೆ ಪುಂಡಿಯ ನಾರು. ಭತ್ತದ ಸಸಿ, ತೆನೆ, ಏಣಿ, ಹಕ್ಕಿ, ಕೈಕೈ ಹಿಡಿದ ಬೊಂಬೆಗಳ ಸಾಲು ಮೊದಲಾದವು ಅದರಲ್ಲಿ ಮೂಡುತ್ತವೆ. ದೊಡ್ಡದೊಂದು, ಚಿಕ್ಕದೊಂದು ಎಂದು ಬುಟ್ಟಿಗಳು ಎರಡು. ತುಂಬಿದ ಪೈರನ್ನು ಹೊತ್ತ ಭೂಮಿಯನ್ನು ಬಸುರಿಯೆಂದು ಭಾವಿಸಿ, ಆಕೆಯ ಬಯಕೆಯನ್ನು ತೀರಿಸುವುದಕ್ಕಾಗಿ ಮನೆಯವರು ರಾತ್ರಿಯೆಲ್ಲ ಎಚ್ಚತ್ತು ಅಡುಗೆ ಮಾಡುತ್ತಾರೆ. ನಾನಾ ಸೊಪ್ಪುಗಳನ್ನು ಸೇರಿಸಿ ಬೇಯಿಸಿದ ಹಚ್ಚಂಬಲಿಯನ್ನು ಚಿಕ್ಕ ಬುಟ್ಟಿಯಲ್ಲಿ ಒಯ್ದು, ಬೆಳಕು ಹರಿಯುವ ಮೊದಲೇ ಗದ್ದೆಗೆ ಬೀರುತ್ತಾರೆ. ದೊಡ್ಡ ಬುಟ್ಟಿಯಲ್ಲಿ ಹೋದ ಎಡೆಯು ಪೂಜೆಯಾದ ಬಳಿಕ ಮನೆಮಂದಿಯ ಊಟವಾಗುತ್ತದೆ. ಗದ್ದೆಯ ಬದುವೇ ಅಂದಿನ ಪಂಕ್ತಿ.

ಈಗ ಚಿತ್ತಾರದ ವಿಚಾರ. ಇದರ ಎಳೆಗಳನ್ನು ಜ್ಯಾಮಿತಿಯ ಹೆಸರಿನಿಂದ ಹೊಗಳುವುದು ವಾಡಿಕೆಯಾಗಿದೆ. ಹೊಗಳಿಕೆ ಸುಳ್ಳಲ್ಲ, ಆದರೆ ಅರ್ಧ. ಮದುವೆಯ ಮನೆಯಲ್ಲಿ ಬರೆಯುವ ಹಸೆಗೋಡೆಯ ಚಿತ್ತಾರಕ್ಕೆ ಚೌಕಟ್ಟುಂಟು. ಅದರ ಮುಂದೆ ನಿಂತರೆ ಎಲ್ಲವೂ ಒಂದೇ ನೋಟಕ್ಕೆ ಸಿಕ್ಕುತ್ತದೆ. ಬುಟ್ಟಿಗೆ ಮುಂಭಾಗವೆಂಬುದೇ ಇಲ್ಲ. ಬರೆಯುವವಳು ಅದನ್ನು ತಿರುಗಿಸುತ್ತ ತಿರುಗಿಸುತ್ತ ಹೋಗಬೇಕು. ಎಲ್ಲಿಂದ ಮೊದಲಾಯಿತೋ ಅಲ್ಲಿಗೆ ಸಾಲು ಬಂದು ಕೂಡಬೇಕು. ಬೊಂಬೆಗಳ ಸಾಲಿನಲ್ಲಿ ಕಡೆಯ ಬೊಂಬೆಗೆ ಜಾಗ ಸಾಲದೆ ಇರುಕಿಕೊಂಡಿದ್ದರೆ, ಅಥವಾ ಜಾಗ ಮಿಕ್ಕಿತೆಂದು ಅಲ್ಲೊಂದು ಹೂವನ್ನು ತುರುಕಿದ್ದರೆ, ಕೈ ಇನ್ನೂ ಪಳಗಿಲ್ಲವೆಂದು ತಿಳಿಯಬೇಕು. ಬುಟ್ಟಿಯ ಬಾಯಿ ಅಗಲ, ತಳ ಕಿರಿದು. ಆದುದರಿಂದ ಮೇಲಿನ ಸಾಲಿನ ಅಂತರ ಕೆಳಗಿನ ಸಾಲಿಗೆ ಒದಗದು. ಅಳತೆಗೋಲಿಲ್ಲದೆ, ಮೊದಲೇ ಗೀಚಿಕೊಳ್ಳದೆ, ಬಿದಿರಿನ ಹೆಣಿಗೆಯ ಏರುತಗ್ಗಿನ ಮೇಲೆ ಈ ಲೆಕ್ಕವನ್ನು ನಾರಿನ ತುದಿಯಲ್ಲಿ ಸಾಧಿಸುವುದೇ ಇಲ್ಲಿಯ ಕೌಶಲ. ಇದು ಕಣ್ಣಿಗಿಂತ ಕೈಗೆ ಹೆಚ್ಚು ಗೊತ್ತಿರುವ ವಿದ್ಯೆ.

ಹೀಗಿರುವಲ್ಲಿ ಪ್ರದರ್ಶನಗಳಲ್ಲಿ ನಾವು ಏನು ಮಾಡುತ್ತೇವೆ? ಬುಟ್ಟಿಯನ್ನು ಗೋಡೆಗೆ ಒತ್ತಿ ಇಡುತ್ತೇವೆ. ಅರ್ಧ ಚಿತ್ತಾರ ಅಲ್ಲಿಗೆ ಮಾಯವಾಯಿತು. ಛಾಯಾಚಿತ್ರ ತೆಗೆದು ಅಚ್ಚು ಹಾಕಿಸುತ್ತೇವೆ. ಒಂದು ಮಗ್ಗುಲು ಮಾತ್ರ ಉಳಿಯಿತು. ಕೊನೆಗೆ ಕಾಗದದ ಮೇಲೆ ಬರೆದುಕೊಡಿರೆಂದು ಕೇಳುತ್ತೇವೆ. ಕಾಗದಕ್ಕೆ ಅಂಚು ಬೇಕು, ಅಂಚಿಗೆ ಬಳ್ಳಿ ಬೇಕು, ನಡುವೆ ಒಂದು ವಿಷಯ ಬೇಕು. ಹೀಗೆ ಸುತ್ತುತ್ತಿದ್ದ ಸಾಲು ಚಪ್ಪಟೆಯಾಗಿ, ಚೌಕಟ್ಟಿನೊಳಗಣ ಚಿತ್ರವಾಗುತ್ತದೆ. ಕಾಗದದ ಚಿತ್ತಾರ ಸುಂದರವಲ್ಲವೆಂದು ಯಾರೂ ಹೇಳರು. ಅದರಿಂದ ಹಲವು ಮನೆಗಳಿಗೆ ನಾಲ್ಕು ಕಾಸು ಬಂದಿದೆ. ಬರೆಯುವವರ ಹೆಸರು ಊರಿನಾಚೆಗೂ ಕೇಳಿಬಂದಿದೆ. ಅದನ್ನು ನೋಡಿ ಮೂಗು ಮುರಿಯುವ ಶುದ್ಧತಾವಾದಿಗಳ ಸಾಲಿನಲ್ಲಿ ನಾವು ನಿಲ್ಲಲಾರೆವು. ಆದರೆ ಅದು ಬೇರೊಂದು ಕಲೆ, ಅದರ ತೊಡಕುಗಳು ಬೇರೆ, ಅದರ ಗುಣ ಬೇರೆ. ಬುಟ್ಟಿಯ ಹೆಸರಿನಲ್ಲಿ ಅದಕ್ಕೆ ಬಹುಮಾನ ಕೊಡುವಾಗ ಮಾತ್ರ ಆಕ್ಷೇಪಣೆಗೆ ಎಡೆಯುಂಟು.

ಇನ್ನೊಂದು ಮಾತು. ಕೆಮ್ಮಣ್ಣೂ ಅಕ್ಕಿಹಿಟ್ಟೂ ಬಹುಕಾಲ ಬಾಳತಕ್ಕವಲ್ಲ. ಅನ್ನದ ಹಬೆ, ಇಬ್ಬನಿ, ಹೊತ್ತವರ ಕೈ ತಾಗಿ ಬುಟ್ಟಿಯ ಬಿಳಿ ಎಳೆ ಮಾಸುತ್ತದೆ. ಮರುವರ್ಷ ಮತ್ತೆ ಸಾರಿಸಿ ಮತ್ತೆ ಬರೆಯಬೇಕು. ಇದನ್ನು ಕೊರತೆಯೆಂದು ಎಣಿಸಿ, ಅಳಿಸದ ಪೇಟೆಯ ಬಣ್ಣವನ್ನು ಬಳಸಿರೆಂದು ಹಿತಚಿಂತಕರು ಉಪದೇಶಿಸುವುದುಂಟು. ಅಳಿಸದ ಬುಟ್ಟಿಯನ್ನು ಮುಂದಿನ ವರ್ಷ ಯಾರೂ ಬರೆಯಬೇಕಾಗಿಲ್ಲ. ಹತ್ತು ವರ್ಷ ಬರೆಯದ ಮನೆಯಲ್ಲಿ ಬುಟ್ಟಿ ಹೊಸದರಂತೆ ಉಳಿದಿರುತ್ತದೆ, ಬರೆಯಬಲ್ಲ ಹುಡುಗಿ ಮಾತ್ರ ಇರುವುದಿಲ್ಲ.

ಬುಟ್ಟಿಯನ್ನು ಕುರಿತು ಬರೆಯುವಾಗ ಗದ್ದೆಯನ್ನು ಮರೆಯಲಾಗದು. ಗದ್ದೆಯೆಂದ ಮೇಲೆ ಅದು ಯಾರದು ಎಂಬ ಪ್ರಶ್ನೆಯೂ ಬರುತ್ತದೆ. ಫಲವತ್ತತೆಯ ಸಂಕೇತ, ಮಾತೃಪೂಜೆ ಎಂದು ಪುಟಗಟ್ಟಲೆ ಬರೆದವರಲ್ಲಿ ಅನೇಕರು ಈ ಪ್ರಶ್ನೆಯ ಬಳಿಗೇ ಸುಳಿದಿಲ್ಲ. ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ 1951ರಲ್ಲಿ ಗೇಣಿದಾರರ ಸತ್ಯಾಗ್ರಹ ನಡೆಯಿತು. ರಾಮಮನೋಹರ ಲೋಹಿಯಾ ಅವರು ಬಂದು ಬಂಧನಕ್ಕೊಳಗಾದುದರಿಂದ ಅದು ದೇಶದ ಕಿವಿಗೆ ಬಿತ್ತು. ಅಲ್ಲಿ ಹೋರಾಡಿದ ರೈತರಲ್ಲಿ ಬಹುಮಂದಿ ದೀವರೇ. ಹೋರಾಟದ ಮೂಲದಲ್ಲಿದ್ದುದು ಗೇಣಿಯ ಭತ್ತವನ್ನು ಅಳೆಯುವ ಕೊಳಗದ ಗಾತ್ರ. ಓದುಗರು ಎರಡು ಪಾತ್ರೆಗಳನ್ನು ಒಟ್ಟಿಗೆ ಮನಸ್ಸಿಗೆ ತಂದುಕೊಳ್ಳಬೇಕು. ಆಶ್ವಯುಜದಲ್ಲಿ ಚಿತ್ತಾರದ ಬುಟ್ಟಿಯಲ್ಲಿ ಅನ್ನವು ಗದ್ದೆಗೆ ಹೋಗುತ್ತಿತ್ತು. ಸುಗ್ಗಿಯಲ್ಲಿ ಅದೇ ಗದ್ದೆಯ ಭತ್ತವು ಒಡೆಯರ ಕೊಳಗದಲ್ಲಿ ಅಳತೆಯಾಗಿ ಹೊರಟುಹೋಗುತ್ತಿತ್ತು. ತನ್ನದಲ್ಲದ ನೆಲಕ್ಕೆ ತಾಯಿಯೆಂದು ಉಣಬಡಿಸಿದ ಕೈಗಳು ಆ ಎಳೆಗಳನ್ನು ಬರೆದಿವೆ. 1974ರ ಮಾರ್ಚ್ 1ರಿಂದ ಜಾರಿಗೆ ಬಂದ ಭೂಸುಧಾರಣೆಯ ತಿದ್ದುಪಡಿಯು ಉಳುವವನಿಗೆ ಹೊಲದ ಒಡೆತನದ ದಾರಿಯನ್ನು ತೆರೆಯಿತು. ಅದಕ್ಕೆ ಹತ್ತು ವರ್ಷ ಮೊದಲು, 1964ರಲ್ಲಿ, ಶರಾವತಿಗೆ ಲಿಂಗನಮಕ್ಕಿಯ ಅಣೆಕಟ್ಟು ಎದ್ದು ಸಾಗರ, ಹೊಸನಗರಗಳ ಎಷ್ಟೋ ಗದ್ದೆಗಳು ನೀರಿನಡಿಗೆ ಹೋಗಿದ್ದುವು. ಹಾಗೆ ಎದ್ದುಹೋದವರು ಹೊಸ ನೆಲಕ್ಕೆ ಬುಟ್ಟಿ ಹೊತ್ತರು. ಇದನ್ನೆಲ್ಲ ಅರಿಯದೆ ಏಣಿಯ ಚಿತ್ರಕ್ಕೆ ಸ್ವರ್ಗಾರೋಹಣದ ಅರ್ಥ ಹೇಳುವುದು ಪಾಂಡಿತ್ಯವಾದೀತು, ವಿಮರ್ಶೆಯಾಗದು.

ಬುಟ್ಟಿಯ ಮಾತು ಇಷ್ಟು ಸಾಕು. ಹುಣ್ಣಿಮೆ ಕಳೆದು ಚಂದ್ರನು ಕರಗಿ ಅಮಾವಾಸ್ಯೆಯಾದ ಮರುದಿನ ಅಂಟಿಗೆ-ಪಂಟಿಗೆಯವರು ಹೊರಡುತ್ತಾರೆ. ದೀಪ ಹೊತ್ತಿಸುವುದಕ್ಕೆ 'ಅಂಟಿಸು' ಎನ್ನುವ ಮಾತು ಇನ್ನೂ ಹಳಬರ ಬಾಯಲ್ಲಿದೆ. ಊರ ದೇವಸ್ಥಾನದಲ್ಲಿ ಹಚ್ಚಿದ ದೀಪವನ್ನು ಗಾಳಿಗೆ ಆರದಂತೆ ಮರೆಮಾಡಿಕೊಂಡು, ಗಂಡಸರ ತಂಡವೊಂದು ರಾತ್ರಿಯಿಡೀ ಮನೆಯಿಂದ ಮನೆಗೆ ನಡೆಯುತ್ತದೆ. ಬಾಗಿಲ ಮುಂದೆ ನಿಂತು, ಬಾಗಿಲು ತೆರೆಯಿರೆಂದು ಹಾಡುತ್ತದೆ. ಮನೆಯೊಡತಿ ಬಂದು ದೀಪಕ್ಕೆ ಎಣ್ಣೆ ಎರೆಯುತ್ತಾಳೆ, ತಂದ ಜ್ಯೋತಿಯಿಂದ ತನ್ನ ದೀಪವನ್ನು ಹೊತ್ತಿಸಿಕೊಳ್ಳುತ್ತಾಳೆ. ಬಲೀಂದ್ರನ ಹಾಡು, ಮನೆಗೆ ಹರಕೆಯ ಹಾಡು ಆದ ಮೇಲೆ ಅಕ್ಕಿ, ಕಡುಬು, ಕಾಣಿಕೆ ಸಲ್ಲುತ್ತವೆ. ವಾದ್ಯಗಳ ಆಸರೆಯನ್ನು ಅಷ್ಟಾಗಿ ಬಯಸದ ಹಾಡುಗಾರಿಕೆ ಇದು. ಮುಂದಿನವರು ಹೇಳಿದುದನ್ನು ಹಿಂದಿನವರು ಹಿಡಿದು ಮತ್ತೆ ಹೇಳುತ್ತಾರೆ.

ಈ ಪುನರುಕ್ತಿಯೇ ವೇದಿಕೆಯವರಿಗೆ ತಲೆನೋವು. ಹತ್ತು ನಿಮಿಷದ ಅವಕಾಶದಲ್ಲಿ ಒಂದೇ ಸೊಲ್ಲು ಎರಡೆರಡು ಸಲ ಬಂದರೆ ಸಭಿಕರಿಗೆ ಬೇಸರವೆಂದು ಅದನ್ನು ಕತ್ತರಿಸುತ್ತಾರೆ. ತೆರವಾದ ಎಡೆಗೆ ತಾಳವನ್ನೂ ತಬಲವನ್ನೂ ತುಂಬುತ್ತಾರೆ. ಕೆಲವೊಮ್ಮೆ ಹಾಡುಗಾರರಿಗೆ ಒಂದೇ ಬಣ್ಣದ ಅಂಗಿ, ರುಮಾಲು. ದೀಪವೋ, ವಿದ್ಯುದ್ದೀಪದ ಪ್ರಖರತೆಯಲ್ಲಿ ಇದ್ದೂ ಇಲ್ಲದಂತೆ. ಈ ಅಲಂಕಾರಗಳ ಮೇಲೆ ಸಿಟ್ಟಾಗುವುದು ಸುಲಭ, ಆದರೆ ನಿಜವಾದ ನಷ್ಟ ಅಲ್ಲಿಲ್ಲ. ಮಲೆನಾಡಿನ ಮನೆಗಳು ಒತ್ತೊತ್ತಾಗಿ ಇಲ್ಲ; ತೋಟದಾಚೆ ಒಂದು, ಹಳ್ಳದಾಚೆ ಒಂದು. ಹಾಡು ದೂರದಲ್ಲಿ ಕೇಳುವುದು, ಹತ್ತಿರವಾಗುವುದು, ಅಂಗಳಕ್ಕೆ ಬರುವುದು, ಮತ್ತೆ ದೂರವಾಗುವುದು ಇವೆಲ್ಲ ಆ ಕೃತಿಯ ಅಂಗಗಳು. ಹಾಡನ್ನು ಎರಡು ಬಾರಿ ಹೇಳುವುದರಿಂದ ನಿದ್ದೆಯಲ್ಲಿದ್ದವರು ಏಳುವುದಕ್ಕೆ ಹೊತ್ತು ದೊರಕುತ್ತದೆ. ಬಾಗಿಲು ಬೇಗ ತೆರೆದರೆ ಹಾಡು ಮೊಟಕು, ತಡವಾದರೆ ಉದ್ದ. ಎಲ್ಲಿ ನಿಲ್ಲಿಸಬೇಕೆಂಬುದನ್ನು ತೀರ್ಮಾನಿಸುವವರು ಹಾಡುವವರಲ್ಲ, ಒಳಗಿರುವವರು. ಇಂತಹ ಕೃತಿಗೆ ಶ್ರೋತೃವೆಂದರೆ ಕುಳಿತು ಕೇಳುವವನಲ್ಲ; ಎದ್ದು ಬಂದು ಅಗಣಿ ತೆಗೆಯಬೇಕಾದವನು. ವೇದಿಕೆಯ ಮೇಲೆ ಬಾಗಿಲು ತೆರೆಯಿರೆಂದು ಹಾಡುವಾಗ ಎದುರಿಗೆ ಸಾವಿರ ಜನರಿದ್ದರೂ ತೆರೆಯಬೇಕಾದ ಬಾಗಿಲು ಒಂದೂ ಇಲ್ಲ. ಹಾಡುವವರ ಕಂಠ ಎಷ್ಟು ಇಂಪಾಗಿದ್ದರೇನು, ಕೇಳುವ ಮಾತಿಗೆ ಉತ್ತರವೇ ಬಾರದು.

ಹಾಗೆಂದು ವೇದಿಕೆಯೇ ಶತ್ರುವೆಂದು ಯಾರೂ ತಿಳಿಯಬಾರದು. ಇದೇ ಸಾಗರ ತಾಲ್ಲೂಕಿನ ಹೆಗ್ಗೋಡಿನಲ್ಲಿ 1949ರಲ್ಲಿ ಹುಟ್ಟಿದ ನೀನಾಸಮ್, 1985ರಲ್ಲಿ ತಿರುಗಾಟವನ್ನು ಆರಂಭಿಸಿ ಹೊಸ ನಾಟಕಗಳನ್ನು ಊರೂರಿಗೆ ಒಯ್ದಿತು. ಅದು ವೇದಿಕೆಗಾಗಿಯೇ ಹುಟ್ಟಿದ ಕಲೆ, ಅದಕ್ಕೆ ವೇದಿಕೆ ಸಲ್ಲುತ್ತದೆ. ದೀಪಾವಳಿ ಕಳೆದ ಬಳಿಕ ಹೊರಡುವ ಯಕ್ಷಗಾನ ಮೇಳಗಳಿಗೂ ರಂಗಸ್ಥಳವೇ ನೆಲೆ. ನಡಿಗೆಯನ್ನೇ ಪ್ರದರ್ಶನದ ಅಂಗವಾಗಿ ಮಾಡಿದ ನಿದರ್ಶನವೂ ನಮ್ಮಲ್ಲಿದೆ. ಕುವೆಂಪು ಅವರ 'ಮಲೆಗಳಲ್ಲಿ ಮದುಮಗಳು' ಕಾದಂಬರಿಯನ್ನು ಸಿ. ಬಸವಲಿಂಗಯ್ಯನವರು 2010ರಲ್ಲಿ ಮೈಸೂರಿನ ರಂಗಾಯಣದಲ್ಲಿ ರಾತ್ರಿಯಿಡೀ ಆಡಿಸಿದಾಗ, ರಂಗಸ್ಥಳಗಳು ಒಂದಕ್ಕಿಂತ ಹೆಚ್ಚಾಗಿದ್ದು, ಪ್ರೇಕ್ಷಕರು ಒಂದೆಡೆಯಿಂದ ಇನ್ನೊಂದೆಡೆಗೆ ಎದ್ದು ನಡೆಯಬೇಕಾಗಿತ್ತು. ಪಟ್ಟಣದವರು ತೂಕಡಿಸುತ್ತ, ಚಾದರ ಹೊದ್ದು ನಡೆದರು. ನಡೆದುದರಿಂದಲೇ ಮಲೆನಾಡಿನ ರಾತ್ರಿಯ ಉದ್ದ ಅವರಿಗೆ ಸ್ವಲ್ಪವಾದರೂ ತಿಳಿಯಿತು. ನಾಟಕಕ್ಕೆ ಸಾಧ್ಯವಾದುದು ಉತ್ಸವ ಸಮಿತಿಗಳಿಗೆ ಏಕೆ ಅಸಾಧ್ಯವಾಗಬೇಕು? ಪಟ್ಟಣದಲ್ಲಿಯೇ ಅಂಟಿಗೆ-ಪಂಟಿಗೆಯನ್ನು ಕೇಳಬೇಕೆಂದಿದ್ದರೆ ಒಂದು ಬೀದಿಯನ್ನು ಆಯ್ದುಕೊಳ್ಳಲಿ. ಆ ಬೀದಿಯ ದೀಪಗಳನ್ನು ಎರಡು ಗಂಟೆ ಆರಿಸಲಿ. ಹತ್ತು ಮನೆಯವರು ಎಣ್ಣೆಯನ್ನು ಸಿದ್ಧವಿಟ್ಟುಕೊಂಡು ಬಾಗಿಲು ಹಾಕಿಕೊಂಡಿರಲಿ. ಶಾಮಿಯಾನದ ಬಾಡಿಗೆಯೂ ಉಳಿಯುತ್ತದೆ.

ಹಳ್ಳಿಯಲ್ಲಿಯಾದರೂ ಎಲ್ಲವೂ ಮೊದಲಿನಂತಿದೆಯೆಂದಲ್ಲ. ಹಾಡು ಬಲ್ಲವರು ವಯಸ್ಸಾದವರು; ನಡೆಯಬಲ್ಲವರು ಬೆಂಗಳೂರಿನಿಂದ ಹಬ್ಬದ ರಜೆಗೆ ಬಂದ ಹುಡುಗರು. ಮುಂದಿನ ಸೊಲ್ಲು ಮರೆತಾಗ ಸಿನಿಮಾದ ಮಟ್ಟು ನುಸುಳುವುದುಂಟು. ನುಸುಳಲಿ, ಅದು ದೊಡ್ಡ ಅಪಚಾರವಲ್ಲ. ತಂಡದ ಗುಣವನ್ನು ತಿಳಿಯಬೇಕಾದರೆ ಕೇಳಬೇಕಾದುದು ಬೇರೆ: ಬಾಗಿಲ ಹಾಡನ್ನು ಮನೆಯ ಹೊತ್ತಿಗೆ ತಕ್ಕಂತೆ ಹಿಗ್ಗಿಸಿ ಕುಗ್ಗಿಸಬಲ್ಲವರು ಅದರಲ್ಲಿ ಎಷ್ಟು ಮಂದಿ? ಸಾವಾದ ಮನೆಯ ಅಂಗಳದಲ್ಲಿ ದನಿಯನ್ನು ಹೇಗೆ ತಗ್ಗಿಸುತ್ತಾರೆ? ದೀಪ ಹಿಡಿದವನು ಹಳ್ಳದ ಸಂಕವನ್ನು ದಾಟುವಾಗ ಉಳಿದವರು ಹಾಡುತ್ತಿರುತ್ತಾರೋ, ಸುಮ್ಮನಾಗುತ್ತಾರೋ?

ಬುಟ್ಟಿಯ ಸ್ಪರ್ಧೆಗಳಿಗೆ ಮುಂದಿನ ಆಶ್ವಯುಜದಲ್ಲಿ ತೀರ್ಪುಗಾರರಾಗಿ ಹೋಗುವವರಲ್ಲಿಯೂ ಒಂದು ವಿಜ್ಞಾಪನೆ. ಮೇಜಿನ ಆಚೆಯಿಂದ ಅಂಕ ಹಾಕಬೇಡಿ. ಬುಟ್ಟಿಯನ್ನು ಕೈಗೆ ತೆಗೆದುಕೊಂಡು ಒಂದು ಪೂರ್ತಿ ಸುತ್ತು ತಿರುಗಿಸಿ, ಬೊಂಬೆಗಳ ಸಾಲು ತನ್ನನ್ನು ತಾನು ಕೂಡುವ ಜಾಗವನ್ನು ಹುಡುಕಿ. ಅದು ಸುಲಭವಾಗಿ ಸಿಕ್ಕಿದರೆ ಒಂದಷ್ಟು ಅಂಕ ಕಡಮೆ ಮಾಡಿ.